ಬಲಕ್ಕೆ ತಿರುಗಿದ ಏಣಿ

ಆ ಮನೆಯ ಕಿಟಕಿಯಲ್ಲಿ ಮೂತ್ರಪಿಂಡ ಒಣಗುತ್ತಿರುತ್ತಿತ್ತು, ಅಟ್ಟದ ಮೇಲೆ ನಾಲ್ಕಾರು ಹೃದಯಗಳು ಧೂಳು ಹಿಡಿದು ಕೂತಿರುತ್ತಿದ್ದವು. "ಹೃದಯಕ್ಕೆ ಎರಡನೇ ಕೋಟು ಬಳಿದ್ಯಾ?" ಎಂದು ಅಪ್ಪ ಕೇಳುವುದು, "ಇಲ್ಲಪ್ಪ, ಕಣ್ಣುಗುಡ್ಡೆ ಮುಗಿಸ್ಕೊಂಡು ಬಳೀತೀನಿ" ಎಂದು ಮಗಳು ಹೇಳುವುದು ಅಲ್ಲಿ ದಿನನಿತ್ಯದ ಮಾತು. ಹೊಸಬರು ಕೇಳಿದರೆ ಬಂದ ದಾರಿ ಹಿಡಿಯಬೇಕು. ಶಾಲೆಗಳಿಗೆ ಪಾಠದ ಮಾದರಿಗಳನ್ನು ಮಾಡಿಕೊಡುವುದು ಅವರ ಕಸುಬು. ಮರ, ಪ್ಲಾಸ್ಟರು, ತಂತಿ, ಬಣ್ಣ ಇಷ್ಟು ಕೊಟ್ಟರೆ ಮನುಷ್ಯನ ಒಳಗಿರುವುದನ್ನೆಲ್ಲ ಮೇಜಿನ ಮೇಲೆ ತಂದಿಡುತ್ತಿದ್ದರು.

ಅಪ್ಪನಿಗೆ ಊರೆಲ್ಲ ಮೇಸ್ತ್ರಿ ಎನ್ನುತ್ತಿತ್ತು, ಮಗಳಿಗೆ ಚಿಕ್ಕ ಮೇಸ್ತ್ರಿ. ನಲವತ್ತು ದಾಟಿ, ಕಿವಿಯ ಹಿಂದೆ ಕೂದಲು ಬೆಳ್ಳಗಾದರೂ ಅವಳ ಹೆಸರಿನಿಂದ 'ಚಿಕ್ಕ' ಉದುರಿರಲಿಲ್ಲ. ಅಪ್ಪ ಬಾಯಿಬಿಟ್ಟು ಹೇಳಿಕೊಟ್ಟವನಲ್ಲ. ಏನು ಕೇಳಿದರೂ "ಕೈ ನೋಡು" ಎನ್ನುತ್ತಿದ್ದ, ಅಷ್ಟೇ ಪಾಠ. ಅವಳು ಕೈ ನೋಡಿ ನೋಡಿಯೇ ಉಳಿ ಹಿಡಿಯುವುದು, ಗರಗಸ ಎಳೆಯುವುದು, ಬಣ್ಣ ಕಲಸುವುದು ಎಲ್ಲವನ್ನೂ ಕಲಿತಳು.

ಮನೆಯ ಹಿಂದಿನ ಕೊಟ್ಟಿಗೆಯೇ ಅವರ ಕೆಲಸದ ಜಾಗ, ಅಲ್ಲಿಂದ ಹೆಚ್ಚಾಗಿ ಹೊರಗೆ ಹೋದದ್ದು ಡಿಎನ್‌ಎ ಏಣಿ. ರಬ್ಬರು ಹೊದಿಸಿದ ದಪ್ಪ ತಂತಿಯ ಎರಡು ಕಂಬಿ, ನಡುವೆ ಮೆಟ್ಟಿಲು. ಒಂದೊಂದು ಮೆಟ್ಟಿಲೂ ಎರಡು ಮರದ ತುಂಡು, ನಡುವೆ ಅಯಸ್ಕಾಂತದಿಂದ ಕೂಡಿಕೊಳ್ಳುವಂಥದ್ದು. ಬಣ್ಣ ನಾಲ್ಕೇ. ಕೆಂಪಿಗೆ ಹಸಿರೇ ಜೋಡಿ, ಹಳದಿಗೆ ನೀಲಿಯೇ ಜೋಡಿ. ಬೇರೆಯದನ್ನು ತಂದರೆ ತುದಿಯ ಕಚ್ಚು ಕೂರುವುದಿಲ್ಲ. ಏಣಿಯನ್ನು ಚಾವಣಿಯ ಕೊಕ್ಕೆಗೆ ತೂಗುಹಾಕಿ, ಬುಡ ಹಿಡಿದು ತಿರುಚಿ, ಹಾಗೇ ಪೀಠಕ್ಕೆ ಬೋಲ್ಟು ಬಿಗಿಯಬೇಕು. ಈ ತಿರುಚುವ ಕೆಲಸವನ್ನು ಅಪ್ಪ ಯಾರಿಗೂ ಬಿಡುತ್ತಿರಲಿಲ್ಲ. ಅವನು ಎಡಚ. ಎಡಗೈಯಲ್ಲಿ ಎಡಗಡೆಯ ಕಂಬಿ ಹಿಡಿದು ತನ್ನ ಕಡೆಗೆ ಒಂದೇ ಸಮ ಎಳೆಯುತ್ತಿದ್ದ. ಏಣಿ ಜಡೆಯ ಹಾಗೆ ಸುತ್ತಿಕೊಳ್ಳುತ್ತಿತ್ತು.

ಹೋದ ವರ್ಷ ಆ ಎಡಗೈ ನಡುಗಲು ಶುರುವಾಯಿತು. ಡಾಕ್ಟರು ಮಾತ್ರೆ ಕೊಟ್ಟರು, ನಡುಕ ಮಾತ್ರೆಗೆ ಸೊಪ್ಪು ಹಾಕಲಿಲ್ಲ. ಅಂದಿನಿಂದ ತಿರುಚುವುದೂ ಮಗಳ ಪಾಲಿಗೆ ಬಂತು. ಅವಳು ಬರೆಯುವುದು, ಉಣ್ಣುವುದು, ಸುತ್ತಿಗೆ ಹಿಡಿಯುವುದು ಎಲ್ಲ ಬಲಗೈಯಲ್ಲೇ.

ಅಷ್ಟರಲ್ಲಿ ಹೊಸ ವಿಜ್ಞಾನ ಭವನದವರು ಬಾಗಿಲ ಎದುರಿಗೇ ನಿಲ್ಲಿಸಲು ಆಳೆತ್ತರದ ಏಣಿ ಬೇಕೆಂದರು, ಪೀಠದ ಮೇಲೆ ಮೇಸ್ತ್ರಿಯ ಹೆಸರಿನ ಫಲಕ ಹಾಕುತ್ತೇವೆ ಎಂದರು. ಅಪ್ಪ ಆವತ್ತು ಖುಷಿಗೆ ಎರಡು ಸಲ ಗಡ್ಡ ಹೆರೆದುಕೊಂಡ. "ಇದೊಂದನ್ನ ನಾನೇ ತಿರುಚ್ತೀನಿ. ಆಮೇಲೆ ಎಲ್ಲಾ ನಿಂದೇ" ಎಂದ. ಏಣಿ ಸಿದ್ಧವಾದ ದಿನ ಕಂಬಿ ಹಿಡಿದು ಎಳೆದ. ಕೈ ನಡುಗಿ ಕಂಬಿ ಜಾರಿತು, ಮರದ ತುಂಡುಗಳು ನೆಲದ ಮೇಲೆಲ್ಲ ಚೆಲ್ಲಿದವು. ಮತ್ತೆ ಹಿಡಿದ, ಮತ್ತೆ ಜಾರಿತು. ಕೊನೆಗೆ ಮೂಲೆಯ ಸ್ಟೂಲಿನ ಮೇಲೆ ಕೂತು "ನೀನೇ ಮಾಡು" ಎಂದ. ಚಿಕ್ಕ ಮೇಸ್ತ್ರಿ ಚೆಲ್ಲಿದ ತುಂಡುಗಳನ್ನು ಆಯ್ದು ಜೋಡಿಸಿ, ತಿರುಚಿ ನಿಲ್ಲಿಸಿದಳು. ಅಪ್ಪ ಅದರ ಕಡೆ ತಿರುಗಿಯೂ ನೋಡಲಿಲ್ಲ.

ಮಾರನೆಯ ದಿನ ಭವನದ ಮೇಡಂ ನೋಡಲು ಬಂದರು. ಮೊದಲು ಮೇಷ್ಟರ ಕೆಲಸದಲ್ಲಿದ್ದವರು, ಕಂಡಲ್ಲೆಲ್ಲ ಪಾಠ ಮಾಡುವ ಚಾಳಿ ಬಿಟ್ಟಿರಲಿಲ್ಲ. ಏಣಿಯ ತಲೆಯ ಕಡೆಯಿಂದ ಅಯಸ್ಕಾಂತಗಳನ್ನು ಟಕ್ ಟಕ್ ಎಂದು ಬಿಡಿಸಿದರು.

"ಮಕ್ಕಳು ಹೀಗೆ ಬಿಚ್ಚಬೇಕು. ಒಂದು ಜೀವಕೋಶ ಎರಡಾಗೋಕೆ ಮುಂಚೆ ಈ ಏಣಿ ಸೀಳ್ಕೊಳ್ಳುತ್ತೆ. ಒಂಟಿಯಾದ ಕೆಂಪು, ಸುತ್ತ ಬಿದ್ದಿರೋದರಲ್ಲಿ ಹಸಿರನ್ನೇ ಹುಡುಕಿ ಹಿಡ್ಕೊಳ್ಳುತ್ತೆ, ಹಳದಿ ನೀಲಿಯನ್ನೇ. ಕೊನೆಗೆ ಎರಡು ಏಣಿ. ಒಂದೊಂದರಲ್ಲೂ ಹಳೇ ಕಂಬಿ ಒಂದು, ಹೊಸದು ಒಂದು."

"ತಪ್ಪಾಗಲ್ವಾ?" ಎಂದಳು ಚಿಕ್ಕ ಮೇಸ್ತ್ರಿ.

"ಅಪರೂಪಕ್ಕೆ ಆಗುತ್ತೆ. ಹೆಚ್ಚಿನದನ್ನ ಅಲ್ಲೇ ತಿದ್ದಿಕೊಳ್ಳುತ್ತೆ. ತಿದ್ದದೆ ಉಳಿದಿದ್ದು ಮುಂದಿನ ನಕಲಿಗೂ ಹೋಗುತ್ತೆ, ಅದರ ಮುಂದಿನದಕ್ಕೂ."

ಮೇಡಂ ಎರಡು ಹೆಜ್ಜೆ ಹಿಂದೆ ಸರಿದು ತಲೆ ಓರೆ ಮಾಡಿದರು. ಮುಖ ಸಣ್ಣದಾಯಿತು. "ಮೇಸ್ತ್ರಿಗಳೇ, ಬೇಜಾರು ಮಾಡ್ಕೋಬೇಡಿ. ಇದು ಎಡಕ್ಕೆ ಸುತ್ತಿದೆ. ನಮ್ಮೊಳಗಿರೋದು ಬಲಕ್ಕೆ ಸುತ್ತೋದು."

ಅಪ್ಪ ಸ್ಟೂಲಿನಿಂದಲೇ ಹೇಳಿದ, "ಅದಕ್ಕೇನು, ತಲೆಕೆಳಗು ಮಾಡಿ ನಿಲ್ಸಿ, ಸರಿಹೋಗುತ್ತೆ."

ಇಬ್ಬರು ಹೆಂಗಸರೂ ಏದುಸಿರು ಬಿಡುತ್ತ ಆ ಹೆಣಭಾರದ ಏಣಿಯನ್ನು ತಲೆಕೆಳಗು ಮಾಡಿದರು. ಅದು ಆಗಲೂ ಎಡಕ್ಕೇ ಸುತ್ತಿತ್ತು. ಮೇಡಂ ಬೆಂಚಿನ ಮೇಲಿದ್ದ ಸ್ಕ್ರೂ ಒಂದನ್ನು ಅಪ್ಪನ ಕೈಗಿಟ್ಟರು. "ಇದನ್ನ ತಲೆಕೆಳಗು ಮಾಡಿದ್ರೆ ಬೇರೆ ಸ್ಕ್ರೂ ಆಗುತ್ತಾ? ಹಂಗೇನೇ."

"ನಿಜವಾದದ್ದು ಎಷ್ಟು ತೂಕ ಇರುತ್ತೆ?" ಅಪ್ಪನ ಸ್ವರ ಬಿಗಿಯಿತ್ತು.

"ಒಂದು ಜೀವಕೋಶದಲ್ಲಿರೋದೆಲ್ಲಾ ಸೇರಿ ಆರು ಪಿಕೋಗ್ರಾಂನಷ್ಟು. ಒಂದು ಗ್ರಾಮನ್ನ ಲಕ್ಷ ಕೋಟಿ ಪಾಲು ಮಾಡಿ, ಅದರಲ್ಲಿ ಆರು ಪಾಲು ತಗೊಳ್ಳಿ."

ಬಾಗಿಲಲ್ಲಿ ನಿಂತಿದ್ದ ಅಮ್ಮ ನಡುವೆ ಬಾಯಿ ಹಾಕಿದಳು. "ಅಷ್ಟು ಹಗುರದ್ದನ್ನ ಮಾಡೋಕೆ ಹೋಗಿ ನೀವಿಬ್ಬರೂ ಸೊಂಟ ಮುರ್ಕೊಂಡ್ರಾ?"

"ಅಷ್ಟು ಚಿಕ್ಕದರಲ್ಲಿ ಎಡ ಬಲ ಯಾರು ನೋಡ್ತಾರೆ?" ಎಂದ ಅಪ್ಪ.

"ನಾನು ನೋಡಿದೀನಿ, ಮೇಸ್ತ್ರಿಗಳೇ. ಶಾಲೇಲಿ ನಿಮ್ಮ ಏಣಿ ನೋಡಿಯೇ ನಾನು ಈ ಪಾಠ ಕಲಿತಿದ್ದು. ಕೆಂಪಿಗೆ ಹಸಿರು ಅನ್ನೋದು ಇವತ್ತಿಗೂ ಮರೆತಿಲ್ಲ. ಆದ್ರೆ ಕಾಲೇಜಲ್ಲಿ ಚಿತ್ರ ಬರೆಯೋವಾಗ ಎಡಕ್ಕೇ ಸುತ್ತಿಸಿ ಎಲ್ಲರ ಮುಂದೆ ಬೈಸ್ಕೊಂಡೆ." ಮೇಡಂ ಮೆಲ್ಲಗೆ ನಕ್ಕರು. "ಫಲಕದ ಮೇಲೆ ನಿಮ್ಮ ಹೆಸರೇ ಇರುತ್ತೆ. ಏಣಿ ಮಾತ್ರ ಸರಿಯಿರ್ಬೇಕು."

ಅವರು ಹೋದ ಮೇಲೆ ಅಪ್ಪ ಬಹಳ ಹೊತ್ತು ಸ್ಕ್ರೂವಿನ ಮರೆಯನ್ನು, ಅದರ ಮೈಮೇಲಿನ ಸುತ್ತುಗೆರೆಯನ್ನು, ಹೆಬ್ಬೆರಳಿನಿಂದ ಸವರುತ್ತ ಕೂತ. "ಎಷ್ಟು ಶಾಲೆಗೆ ಕೊಟ್ಟಿದೀವಿ" ಎಂದ. ಅದು ಪ್ರಶ್ನೆಯಲ್ಲ.

ಚಿಕ್ಕ ಮೇಸ್ತ್ರಿ ಬೋಲ್ಟು ಬಿಚ್ಚಿ, ತಿರುಚು ಬಿಡಿಸಿ, ಏಣಿಯನ್ನು ಮತ್ತೆ ಕೊಕ್ಕೆಗೆ ಹಾಕಿದಳು. ಕಂಬಿಗೆ ಕೈ ಚಾಚಿದವಳು ಹಾಗೇ ನಿಂತುಬಿಟ್ಟಳು. ಮುಂದೆ ಬಂದಿದ್ದು ಎಡಗೈ.

"ಅಪ್ಪಾ, ಇಲ್ಲಿ ನೋಡು. ನಾನು ಎಡಗೈ ಯಾಕೆ ಹಾಕ್ತೀನಿ?"

ಅಪ್ಪ ನೋಡಿದ. "ನೀನು ಎಡಚಿ ಅಲ್ವಲ್ಲ."

"ಕೈ ನೋಡು ಅಂದಿದ್ದು ನೀನೇ ತಾನೆ."

ಅಪ್ಪನ ಮುಖದಲ್ಲಿ ಅರ್ಥವಾದದ್ದು ಕಾಣಿಸಿತು. ಮೊದಲು ಅವಮಾನ, ಆಮೇಲೆ ತಡೆಯಲಾರದ ನಗು. "ಅಯ್ಯೋ ಪೆದ್ದಿ, ನನ್ನ ಎಡಗೈನೂ ನಕಲು ಮಾಡಿದ್ಯಲ್ಲೇ." ಅವಳಿಗೂ ನಗು ಬಂತು. ಒಂದು ವರ್ಷದಿಂದ ತನ್ನದೇ ಕೈ ಎಂದುಕೊಂಡಿದ್ದು ಅಪ್ಪನದಾಗಿತ್ತಲ್ಲ ಎಂದು ನಾಚಿಕೆಯೂ ಆಯಿತು, ಯಾಕೋ ಸಂತೋಷವೂ ಆಯಿತು.

ಬಲಗೈಯಲ್ಲಿ ಬಲಗಡೆಯ ಕಂಬಿ ಹಿಡಿದು ತನ್ನ ಕಡೆಗೆ ಸ್ವಲ್ಪ ಎಳೆದಳು. ಏಣಿ ಇನ್ನೊಂದು ದಿಕ್ಕಿಗೆ ಬಾಗಿತು. "ಇಷ್ಟೇ ನೋಡು. ಬಲಗೈ ಹಾಕಿದ್ರೆ ಬಲಕ್ಕೆ ಸುತ್ತುತ್ತೆ." ಹೇಳಿ ತಿರುಗಿದರೆ ಅಪ್ಪ ಸ್ಟೂಲಿನಿಂದ ಎದ್ದಿದ್ದ. ಬಲಗೈಯನ್ನು ಮುಖದ ಮುಂದೆ ಹಿಡಿದುಕೊಂಡು, ಯಾರೋ ಹೊಸಬರನ್ನು ನೋಡುವ ಹಾಗೆ ನೋಡುತ್ತಿದ್ದ. ಆ ಕೈ ನಡುಗುತ್ತಿರಲಿಲ್ಲ.

"ಇದು ಇಷ್ಟು ವರ್ಷ ಕೂತು ತಿಂದಿದೆ," ಎಂದ. "ಸರಿ ಆ ಕಡೆ."

ಚಿಕ್ಕ ಮೇಸ್ತ್ರಿ ಸರಿದಳು. ಅಪ್ಪ ಬಲಗೈಯಲ್ಲಿ ಕಂಬಿ ಹಿಡಿದ. ಅಭ್ಯಾಸವಿಲ್ಲದ ಕೈ, ಎಳೆತ ಒಂದೇ ಸಮ ಬರಲಿಲ್ಲ, ಒಂದು ಕಡೆ ಬಿಗಿ ಒಂದು ಕಡೆ ಸಡಿಲ. ಬಿಡಿಸಿ ಮತ್ತೆ ಎಳೆದ. ಕಂಬಿ ಜಾರಲಿಲ್ಲ. ಮೆಟ್ಟಿಲುಗಳು ಒಂದರ ಮೇಲೊಂದು ಬಲಕ್ಕೆ ತಿರುಗುತ್ತ ಬುಡದವರೆಗೆ ಇಳಿದವು. ಎಡಗೈಯಲ್ಲಿದ್ದ ಸ್ಕ್ರೂವನ್ನು ನಡುಗುತ್ತಲೇ ಏಣಿಯ ಪಕ್ಕಕ್ಕೆ ಹಿಡಿದು ಎರಡನ್ನೂ ನೋಡಿದ. ಎರಡೂ ಒಂದೇ ಕಡೆಗೆ ಸುತ್ತಿದ್ದವು.

"ಬೋಲ್ಟು ಹಾಕು, ನಾನು ಹಿಡ್ಕೊಂಡಿದೀನಿ."

ಅವಳು ಬಗ್ಗಿ ಬೋಲ್ಟು ಬಿಗಿದಳು. ಕಣ್ಣು ತುಂಬಿಕೊಂಡಿತ್ತು, ತಲೆ ಎತ್ತಲು ಮನಸ್ಸಾಗದೆ ಬಿಗಿದದ್ದನ್ನೇ ಇನ್ನೂ ಬಿಗಿಯುತ್ತಿದ್ದಳು.

"ಸಾಕು ಬಿಡೇ, ಮರೆ ಹೋಗುತ್ತೆ," ಎಂದ ಅಪ್ಪ ಮೇಲಿನಿಂದ. "ಸ್ಪ್ಯಾನರು ಚೀಲಕ್ಕೆ ಹಾಕ್ಕೋ. ನಾಳೆಯಿಂದ ಒಂದೊಂದೇ ಶಾಲೆಗೆ ಹೋಗೋಣ. ಬೋಲ್ಟು ನೀನು ಬಿಚ್ಚು, ತಿರುಚೋದು ನನ್ನ ಕೆಲಸ."