ಗೋಡೆಯೊಳಗಿನ ನೂರು ವ್ಯಾಟ್

ಟೀಚರು ಯಾರ ಮನೆಗೆ ಹೋದರೂ ಕುಳಿತುಕೊಳ್ಳುವ ಮೊದಲು ಗಾಜಿನ ಬಳೆಗಳನ್ನು ಮೇಲಕ್ಕೆ ಸರಿಸಿ, ಬಲಗೈಯ ಹಿಂಭಾಗವನ್ನು ಸ್ವಿಚ್‌ಬೋರ್ಡಿಗೆ ತಾಗಿಸಿ ನೋಡುತ್ತಿದ್ದರು, ಮಗುವಿನ ಹಣೆ ಮುಟ್ಟಿ ಜ್ವರ ನೋಡುವವರ ಹಾಗೆ. ಬಿಸಿ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಚಹಾಕ್ಕೆ ಹೂಂ ಅನ್ನುವುದು. ಮುಂಬಯಿಯ ಸಯನ್ನಿನ ನಮ್ಮ ಬಿಲ್ಡಿಂಗಿನಲ್ಲಿ ಇದನ್ನು ಕಂಡು ನಗದವರಿಲ್ಲ. ನಾನೂ ನಕ್ಕಿದ್ದೇನೆ.

ಅವರು ವಿಜಯಪುರದ ಕಡೆಯವರು. ಕನ್ನಡ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾಗಿ, ನಮ್ಮ ಕೆಳಗಿನ ಮಹಡಿಯಲ್ಲಿ ಒಬ್ಬರೇ ಇದ್ದರು. ಶಾಲೆ ಬಿಟ್ಟಿದ್ದರೂ ಪಾಠ ಬಿಟ್ಟಿರಲಿಲ್ಲ. ಯಾರಾದರೂ ಗೀಸರ್ ತಂದರೆ ಸಾಕು, ವೋಲ್ಟನ್ನೂ ಆಂಪಿಯರನ್ನೂ ಗುಣಿಸಿ ವ್ಯಾಟ್ ಹೇಳುವರು, ಭಾಗಿಸಿ ಓಮ್ ಹೇಳುವರು. ಕೇಳಿಸಿಕೊಳ್ಳುವ ಮನಸ್ಸು ಎದುರಿನವರಿಗೆ ಇದೆಯೋ ಇಲ್ಲವೋ ಅನ್ನುವುದು ಅವರ ಚಿಂತೆಯಲ್ಲ. "ಅಂದಾಜು ನನಗ ಬ್ಯಾಡ, ಮೀಟರ್ ಏನಂತದ ಹೇಳು" ಅನ್ನುವುದು ಅವರ ಬಾಯಲ್ಲಿ ಸದಾ ಇರುತ್ತಿದ್ದ ಮಾತು. ತರಕಾರಿಯವನಿಗೂ ಅದನ್ನೇ ಹೇಳುತ್ತಿದ್ದರೆಂದು ಬಿಲ್ಡಿಂಗಿನಲ್ಲಿ ತಮಾಷೆ ಮಾಡುತ್ತಿದ್ದರು.

ನಾನು ಉಡುಪಿ ಕಡೆಯವಳು. ಗಂಡನಿಗೆ ಫೋರ್ಟಿನ ಹೋಟೆಲೊಂದರಲ್ಲಿ ಕೌಂಟರ್ ಕೆಲಸ. ನಾನು ಮನೆಯಲ್ಲೇ ದೋಸೆ ಹಿಟ್ಟು ರುಬ್ಬಿ ಸುತ್ತಲಿನ ಬಿಲ್ಡಿಂಗುಗಳಿಗೆ ಕೊಡುತ್ತಿದ್ದೆ. ವ್ಯಾಪಾರ ಕುದುರಿತೆಂದು ದೊಡ್ಡ ಗ್ರೈಂಡರ್ ತಂದೆ. ತಂದ ಕೆಲವೇ ದಿನಗಳಲ್ಲಿ, ಅದು ತಿರುಗುವಾಗ ಏನೋ ಸುಟ್ಟ ವಾಸನೆ ಬರುತ್ತದೆ ಎಂದು ಪಕ್ಕದ ಮನೆಯವರು ದೂರಿತ್ತರು. ಎಲೆಕ್ಟ್ರಿಷಿಯನ್ ಬಂದ, ಅಡುಗೆಮನೆಯ ಪ್ಲಗ್ಗಿಗೆ ಮೀಟರ್ ಚುಚ್ಚಿ "ಸಬ್ ಠೀಕ್ ಹೈ" ಎಂದು ಹೊರಟುಹೋದ. ಸೊಸೈಟಿಯ ಸೆಕ್ರೆಟರಿ ಮಾತ್ರ ಗ್ರೈಂಡರನ್ನೇ ನಿಲ್ಲಿಸಬೇಕೆಂದು ಹಟ ಹಿಡಿದಿದ್ದರು. ಅದು ನಿಂತರೆ ನನ್ನ ಸಂಪಾದನೆಯೂ ನಿಂತಂತೆ. ಚೌತಿ ಬೇರೆ ಹತ್ತಿರ ಬಂದಿತ್ತು. ವರ್ಷದಲ್ಲಿ ಎಲ್ಲಕ್ಕಿಂತ ಹೆಚ್ಚು ಹಿಟ್ಟು ಹೋಗುವುದು ಆಗಲೇ. ಟೀಚರು ಬಂದು ಲೆಕ್ಕ ಹಾಕಿ, ಈ ಗ್ರೈಂಡರ್ ಲೈನಿಗೆ ಏನೂ ಭಾರವಲ್ಲ ಎಂದುಬಿಟ್ಟರೆ ಎಲ್ಲರ ಬಾಯಿ ಮುಚ್ಚುತ್ತದೆ ಎಂದುಕೊಂಡು ನಾನೇ ಹೋಗಿ ಕರೆತಂದೆ.

ಬಂದವರು ಗ್ರೈಂಡರ್ ಕಡೆ ನೋಡಲೂ ಇಲ್ಲ. "ಮೋಟರಿನ ಲೆಕ್ಕ ಸೊಟ್ಟ ಇರ್ತದ. ಇಸ್ತ್ರಿಪೆಟ್ಟಿಗಿ ತಾ" ಎಂದರು.

ಅಡುಗೆಮನೆಯಲ್ಲಿ ಇಸ್ತ್ರಿಪೆಟ್ಟಿಗೆ ಹಚ್ಚಿದೆವು. ಟೀಚರು ತಮ್ಮ ಮೀಟರ್ ಹಿಡಿದು ಹಾಲ್‌ನ ಮೇನ್ ಬೋರ್ಡಿನಲ್ಲಿ ಅಳೆದರು: ಇನ್ನೂರ ಮೂವತ್ತು ವೋಲ್ಟ್. ಅಡುಗೆಮನೆಯ ಪ್ಲಗ್ಗಿನಲ್ಲಿ ಅಳೆದರು: ಇನ್ನೂರ ಹತ್ತು.

"ಎಲೆಕ್ಟ್ರಿಷಿಯನ್ ನೋಡುವಾಗ ಸರಿ ಇತ್ತಲ್ಲ ಟೀಚರೇ" ಎಂದೆ.

"ಅಂವ ಏನೂ ಹಚ್ಚದ ಅಳದಾನ. ಹಂಗ ಅಳದ್ರ ಎಲ್ಲಾ ಠೀಕೇ ಕಾಣ್ತದ. ಈಗ ಹೇಳು, ಇಪ್ಪತ್ತು ವೋಲ್ಟ್ ನಡುವ ಎಲ್ಲಿ ಹೋತು? ಈ ಇಸ್ತ್ರಿಪೆಟ್ಟಿಗಿಗೆ ಐದು ಆಂಪಿಯರ್ ಹರೀಲಿಕ್ಕತ್ತದ. ಇಪ್ಪತ್ತನ್ನ ಐದರಿಂದ ಭಾಗಿಸು, ನಾಕು ಓಮ್. ಇಷ್ಟು ಗಿಡ್ಡ ವೈರಿನಾಗ ಕರೆಂಟಿಗೆ ಅಷ್ಟು ತಡಿ ಇರಬಾರ್ದು. ಇಪ್ಪತ್ತನ್ನ ಐದರಿಂದ ಗುಣಿಸು, ನೂರು ವ್ಯಾಟ್."

"ಅಂದ್ರೆ ಎಂತದು?"

"ಅಂದ್ರ ಈ ಗೋಡಿ ಒಳಗ ನೂರು ವ್ಯಾಟಿನ ಬಲ್ಬು ಹತ್ತಿಸಿ ಇಟ್ಟಷ್ಟು ಕಾವು ಆಗ್ಲಿಕ್ಕತ್ತದವಾ. ಗೋಡಿ ಒಡಿಸು. ಅಲ್ಲೀತನಕ ಈ ಲೈನ್ ಬಂದ್."

ಅಷ್ಟು ಹೇಳಿ ಅಡುಗೆಮನೆಯ ಲೈನಿನ ಫ್ಯೂಸ್ ಕಿತ್ತು ತಮ್ಮ ಪರ್ಸಿಗೆ ಹಾಕಿಕೊಂಡರು. ಅದೂ ಸಾಲದೆಂದು ಸೀದಾ ಸೆಕ್ರೆಟರಿಯ ಮನೆಗೆ ಹೋಗಿ, ಗ್ರೈಂಡರಿನದು ತಪ್ಪಿಲ್ಲ, ಆದರೂ ಸದ್ಯಕ್ಕೆ ನಡೆಯಬಾರದು ಎಂದು ತಾವೇ ಹೇಳಿಬಂದರು. ಸೆಕ್ರೆಟರಿ ಕೇಳಿಸಿಕೊಂಡದ್ದು ಎರಡನೆಯ ಅರ್ಧ ಮಾತ್ರ.

ನನಗೆ ಮೈಯೆಲ್ಲ ಉರಿದುಹೋಯಿತು. ಹೊಸ ಟೈಲ್ಸ್ ಹಾಕಿಸಿದ ಗೋಡೆ ಅದು. ಒಂದು ಪಾತ್ರೆ ಉದ್ದು ನೆನೆಹಾಕಿ ಆಗಿತ್ತು. ಕೆಳಗೆ ಇಳಿದು ಅವರ ಬಾಗಿಲಲ್ಲೇ ನಿಂತು, "ನನ್ನ ಪರ ಮಾತಾಡ್ತೀರಿ ಅಂತ ಕರೆದದ್ದು ಮಾರಾಯ್ರೆ. ನಾವೇನು ನಿಮ್ಮ ಶಾಲೆಯ ಮಕ್ಕಳಾ? ಫ್ಯೂಸ್ ಕೊಡಿ" ಎಂದೆ.

ಟೀಚರು ಚಹಾ ಸೋಸುತ್ತಿದ್ದರು. ದನಿ ಏರಿಸಲಿಲ್ಲ. "ಬೈಯೂದು ಇದ್ರ ಒಳಗ ಕೂತು ಬೈ. ಚಾ ಕುಡಿ. ಗೋಡಿ ಒಡಿಸಿದ ಮ್ಯಾಲೆ ಫ್ಯೂಸ್ ಕೊಡ್ತೀನಿ."

ಚಹಾ ಕುಡಿಯಲಿಲ್ಲ. ಅವತ್ತಿನ ಸಿಟ್ಟು ನ್ಯಾಯವಾದದ್ದೇ ಎಂದು ಈಗಲೂ ಅನಿಸುತ್ತದೆ; ಸ್ನೇಹಿತೆಯ ಫ್ಯೂಸ್ ಕಿತ್ತುಕೊಂಡು ಹೋಗುವವರ ಮೇಲೆ ಇನ್ನೇನು ಬರಬೇಕು? ಆದರೆ ಬೇರೆ ದಾರಿ ಇರಲಿಲ್ಲ. ಮರುದಿನ ಬೆಳಿಗ್ಗೆ ಗೌಂಡಿಯನ್ನು ಕರೆಸಿದೆವು.

ಟೈಲ್ಸ್ ಹಾಕಿದ ಕಡೆ ಏನೂ ಸಿಗಲಿಲ್ಲ. ಹಾಲ್‌ನ ಕಡೆಯಿಂದ ಒಡೆಯಲು ಮಗಳ ಮಂಚ ಎಳೆಯಬೇಕಾಯಿತು. ಅವಳಿಗೆ ಆಗ ನಾಲ್ಕು ವರ್ಷ. ಮಂಚದ ತಲೆಯ ಹಿಂದೆ ಗೋಡೆಗೆ ಹಳೆಯ ಮರದ ಹಲಗೆ ಹೊಡೆದಿತ್ತು. ಅದನ್ನು ಕಿತ್ತರೆ, ಅಡುಗೆಮನೆ ರಿಪೇರಿ ಮಾಡಿದವರು ಹಳೆಯ ವೈರಿಗೆ ಹೊಸದನ್ನು ಬರಿದೆ ಹೊಸೆದು ಟೇಪ್ ಸುತ್ತಿ ಬಿಟ್ಟಿದ್ದರು. ಟೇಪ್ ಪುಡಿಪುಡಿಯಾಗಿತ್ತು. ಹಲಗೆಯ ಒಳಮೈ ಅಂಗೈಯಗಲ ಕರಿದಾಗಿ, ನಡುವೆ ಇದ್ದಿಲಾಗಿತ್ತು. ಅದರ ಈಚೆಗೆ ಮಗಳ ದಿಂಬು. ಚೌತಿಗೆ ಮೊದಲು ದಿನವಿಡೀ ಗ್ರೈಂಡರ್ ತಿರುಗಿಸುವವಳಿದ್ದೆ ನಾನು. ಮಧ್ಯಾಹ್ನ ಮಗಳು ಮಲಗುತ್ತಿದ್ದದ್ದು ಅಲ್ಲೇ.

ಟೀಚರು ಬಂದು ನೋಡಿದರು. ನಾನು ಹೇಳಿದ್ದೆನಲ್ಲ ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಹೊಸ ವೈರ್ ಎಳೆಸಿ, ಮತ್ತೆ ಇಸ್ತ್ರಿಪೆಟ್ಟಿಗೆ ಹಚ್ಚಿ ಅಳೆದು, ಒಂದು ವೋಲ್ಟೂ ಪೂರ್ತಿ ಬೀಳುವುದಿಲ್ಲ ಎಂದು ನೋಡಿಕೊಂಡು, "ಈಗ ರುಬ್ಬು" ಎಂದು ಹೊರಟರು. ಆ ಚೌತಿಯ ಆರ್ಡರುಗಳಲ್ಲಿ ಅರ್ಧ ಕೈತಪ್ಪಿದವು. ಅದರ ಬಗ್ಗೆ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹೋದ ವರ್ಷ ಪರೇಲಿನ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಊರಿನಿಂದ ಅವರ ಅಣ್ಣನ ಮಗ ಬರುವವರೆಗೆ ನಾನೂ ಮಗಳೂ ಜೊತೆಗಿದ್ದೆವು. ಮಗಳು ಈಗ ಕಾಲೇಜಿನಲ್ಲಿದ್ದಾಳೆ. ಅವಳ ಕನ್ನಡ ತಡವರಿಸುತ್ತದೆ. "ಅಮ್ಮಾ, ಟೀಚರ್ ನಮ್ಗೆ ರಿಲೇಟಿವ್ ಅಲ್ಲ ನಾ? ಫಿರ್ ನೀನು ಯಾಕೆ ಇಷ್ಟು ಮಾಡ್ತಿದ್ದಿ?" ಎಂದು ಮೆಲ್ಲಗೆ ಕೇಳಿದಳು.

ಆ ಗೋಡೆಯ ಕಥೆಯನ್ನು ಅವಳಿಗೆ ಅಲ್ಲಿಯವರೆಗೆ ಹೇಳಿರಲಿಲ್ಲ. ಹೆದರುತ್ತಾಳೆಂದು ಮೊದಲು ಹೇಳಲಿಲ್ಲ, ಆಮೇಲೆ ಹಾಗೆಯೇ ಉಳಿದುಹೋಗಿತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಅವಳು ಎದ್ದು ಒಳಗೆ ಹೋಗಿ, ಬಿಳಿ ಬಟ್ಟೆಯ ಅಂಚು ಸರಿಸಿ ಟೀಚರ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ನನಗೆ ಅಳು ಬಂದದ್ದು ಆಗ.