ಸೋದರಮಾವ ಆರಿಸಿದ ರೂಪಾಯಿ

ನಾನು ಚಿಕ್ಕವನಿದ್ದಾಗ ಮನುಷ್ಯನಿಗೆ ಲೋಕದಲ್ಲಿ ಎರಡೇ ಭಯಗಳಿದ್ದವು. ಒಂದು ಸಾವಿನದು, ಇನ್ನೊಂದು ಬೀಗರದು. ಸಾವು ಯಾವಾಗ ಬರುತ್ತದೆಂದು ಯಾರಿಗೂ ತಿಳಿಯದು, ಅದಕ್ಕೇ ಅದು ದೊಡ್ಡ ಭಯ ಎಂದು ತಿಳಿದವರು ಹೇಳುತ್ತಿದ್ದರು. ಬೀಗರು ಮಾತ್ರ ಮೊದಲೇ ಹೇಳಿ ಕಳಿಸಿ ಬರುತ್ತಿದ್ದರು. ಅದರಿಂದ ನಮ್ಮ ಮನೆಯಲ್ಲಿ ಯಾರಿಗಾದರೂ ಧೈರ್ಯ ಬಂದದ್ದನ್ನು ನಾನು ಕಾಣೆ.

ಮಕ್ಕಳೇ, ಇದನ್ನು ಹೇಳುತ್ತಿರುವ ತಾತನಿಗೆ ಇನ್ನೂ ನಲವತ್ತೆರಡು ವರ್ಷ. ತಲೆಯಲ್ಲಿ ಕೂದಲಿದೆ, ಬಾಯಲ್ಲಿ ಹಲ್ಲಿದೆ. ತಾತನ ಪದವಿ ನನಗೆ ಸ್ವಂತ ಸಾಧನೆಯಿಂದ ಬಂದದ್ದಲ್ಲ. ನಮ್ಮ ಅಕ್ಕ ನಿಮಗೆ ಅಜ್ಜಿಯಾದಳು, ಅವಳ ಬೆನ್ನಿಗೇ ನಾನು ತಾತನಾದೆ. ಇಂಥ ಬಡ್ತಿ ನನಗೆ ಹೊಸದೂ ಅಲ್ಲ. ಒಂಬತ್ತನೆಯ ವಯಸ್ಸಿಗೇ ನಾನು ಸೋದರಮಾವನಾಗಿದ್ದೆ. ಚಡ್ಡಿಯ ಗುಂಡಿ ಕಿತ್ತುಹೋಗಿ ಪಿನ್ನು ಹಾಕಿಕೊಂಡಿದ್ದ ಸೋದರಮಾವ.

ಆಗ ನಮ್ಮ ಮನೆ ನಂಜನಗೂಡಿನಲ್ಲಿ, ಕಪಿಲೆಗೆ ಇಳಿಯುವ ಬೀದಿಯಲ್ಲಿತ್ತು. ಅಪ್ಪ ವಿಭೂತಿ, ಕರ್ಪೂರ, ಊದಿನಕಡ್ಡಿ ಮಾರುತ್ತಿದ್ದರು. ಅಪ್ಪನ ಅಂಗಿ, ನಮ್ಮ ಹಾಸಿಗೆ, ನನ್ನ ಶಾಲೆಯ ಪುಸ್ತಕ ಎಲ್ಲವೂ ಕರ್ಪೂರದ ವಾಸನೆ ಹೊಡೆಯುತ್ತಿದ್ದವು. ಅಕ್ಕನನ್ನು ತಿರುಮಕೂಡಲು ನರಸೀಪುರಕ್ಕೆ ಕೊಟ್ಟಿದ್ದರು. ಅವಳ ಮೊದಲ ಮಗುವಿಗೆ ಆಗ ವರ್ಷ ತುಂಬುವುದಿತ್ತು. ಆ ದಿನ ಸೋದರಮಾವನಾದವನು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದರ ಕೈಗೆ ಬೆಳ್ಳಿ ಕಾಸು ಇಡಬೇಕು. ಆ ಬೆಳ್ಳಿ ಮಗುವಿನ ಆಯಸ್ಸಿಗೆ ಕಾವಲು ಎಂದು ಎರಡೂ ಮನೆಯವರು ನಂಬಿದ್ದರು. ಬೇರೆ ಯಾವ ವಿಷಯದಲ್ಲೂ ಎರಡು ಮನೆಯವರು ಒಂದೇ ಮಾತನ್ನು ನಂಬಿದ್ದು ನನಗೆ ನೆನಪಿಲ್ಲ.

ಅಕ್ಕನ ಅತ್ತೆಯನ್ನು ನಾವು ಅತ್ತೆಮ್ಮ ಎನ್ನುತ್ತಿದ್ದೆವು. ಮಗುವಿಗೆ ಹೆಸರಿಟ್ಟ ದಿನ ನಾವು ತಂದಿದ್ದ ಕಾಲ್ಗೆಜ್ಜೆಯನ್ನು ಅವರು ಅಂಗೈಯಲ್ಲಿಟ್ಟು ತೂಗಿ ನೋಡಿ, ಬಂದವರಿಗೆಲ್ಲ ತೋರಿಸಿ, ಫ್ಯಾನು ಹಾಕಬೇಡಿ, ಹಾರಿಹೋದಾವು ಎಂದಿದ್ದರಂತೆ. ಅಕ್ಕ ಆ ದಿನ ಊಟ ಮಾಡಲಿಲ್ಲ. ಆದ್ದರಿಂದ ಈ ಸಲದ ಕಾಸು ತೂಕದಲ್ಲೂ ಹೊಳಪಿನಲ್ಲೂ ಯಾರೂ ಬಾಯಿ ತೆರೆಯದಂತೆ ಇರಬೇಕಿತ್ತು.

ಅವ್ವ ಅಡುಗೆಗೆ ಕೈ ಜೋಡಿಸಲು ಎರಡು ದಿನ ಮೊದಲೇ ಅಕ್ಕನ ಮನೆಗೆ ಹೋಗಿದ್ದಳು. ಮನೆಯಲ್ಲಿ ಉಳಿದವರು ಗಂಡಸರಿಬ್ಬರೇ. ಮನೆಯಲ್ಲಿ ಏನು ಎಲ್ಲಿದೆ, ಯಾವುದನ್ನು ಮುಟ್ಟಬಾರದು ಎಂಬುದು ಗಂಡಸರಿಗೆ ತಿಳಿದಿರುವುದಿಲ್ಲ. ಹೊರಡುವ ಹಿಂದಿನ ಸಂಜೆ ಅಪ್ಪ ಅಂಗಡಿಯಲ್ಲಿ ಗಿರಾಕಿಗೆ ವಿಭೂತಿ ಗಟ್ಟಿ ಕಟ್ಟಿಕೊಡುತ್ತ, ತಲೆ ಎತ್ತದೆ ನನಗೆ ಹೇಳಿದರು:

“ಟ್ರಂಕಲ್ಲಿ ಬೆಳ್ಳಿ ರೂಪಾಯಿ ಅವೆ. ಚೆನ್ನಾಗಿರದು ಒಂದ ಎತ್ಕೊ. ಮಾವ ನೀನು, ನೀನೇ ಆರಿಸ್ಬೇಕು ಕಣ್ಲಾ.”

ನನಗೆ ಅದುವರೆಗೆ ಯಾರೂ ಅಂಗಿಯ ಬಣ್ಣವನ್ನು ಕೂಡ ಆರಿಸಲು ಬಿಟ್ಟಿರಲಿಲ್ಲ. ನಾನು ನ್ಯಾಯಾಧೀಶನ ಗಾಂಭೀರ್ಯದಿಂದ ಟ್ರಂಕಿನ ಮುಂದೆ ಕುಳಿತೆ. ತಗಡಿನ ಡಬ್ಬಿಯಲ್ಲಿ ಎರಡು ರೂಪಾಯಿಗಳಿದ್ದವು. ವರ್ಷ ವರ್ಷವೂ ಪೂಜೆಗೆ ಇಟ್ಟು ಅರಿಸಿನ ಮೆತ್ತಿದವು. ಒಂದರ ಮೇಲಿನ ರಾಜನಿಗೆ ಮೂಗೇ ಸವೆದುಹೋಗಿತ್ತು. ಅತ್ತೆಮ್ಮನ ಅಂಗೈ ನೆನಪಾಯಿತು. ಇನ್ನೂ ಕೆಳಗೆ ಕೈ ಹಾಕಿದೆ. ತಳದಲ್ಲಿ ಅಜ್ಜಿಯ ಸೀರೆ ಇತ್ತು. ಅಜ್ಜಿ ತೀರಿಕೊಂಡು ಹತ್ತು ತಿಂಗಳಾಗಿತ್ತು. ಆ ಸೀರೆಯ ಅಡಿಯಲ್ಲಿ ಬಿಳಿಯ ಬಟ್ಟೆಯ ಸಣ್ಣ ಗಂಟು ಸಿಕ್ಕಿತು. ಬಿಚ್ಚಿದರೆ ಮೂರನೆಯ ರೂಪಾಯಿ. ಅಂಚಿನಲ್ಲಿ ಒಂದು ಕಚ್ಚು ಬಿಟ್ಟರೆ ಹೊಸದರಂತೆ ದಪ್ಪಗಿತ್ತು. ರಾಜನ ಮೂಗು ಪೂರ್ತಿ ಇತ್ತು. ಹಿಂಭಾಗದಲ್ಲಿ ಮಾತ್ರ ಒಣಗಿದ ಅಂಟಿನಂಥದ್ದು ಮೆತ್ತಿಕೊಂಡು, ಅದಕ್ಕೆ ಒಂದು ಉದ್ದನೆಯ ಬಿಳಿಯ ಕೂದಲು ಅಂಟಿಕೊಂಡಿತ್ತು. ನಾನು ಕೂದಲನ್ನು ಊದಿದೆ. ಹೋಗಲಿಲ್ಲ. ಉಗುರಿನಿಂದ ಕೆರೆದು ತೆಗೆದು, ಅಪ್ಪನ ಅಂಗಡಿಯ ವಿಭೂತಿಯಲ್ಲಿ ತಿಕ್ಕಿ ತಿಕ್ಕಿ ಮಿಂಚುವಂತೆ ಮಾಡಿದೆ. ಆ ರಾತ್ರಿ ಹೆಮ್ಮೆಯಿಂದ ಅದನ್ನು ದಿಂಬಿನ ಕೆಳಗೇ ಇಟ್ಟುಕೊಂಡು ಮಲಗಿದೆ.

ಬೆಳಿಗ್ಗೆ ಬಸ್ಸು ಹತ್ತಿದೆವು. ಮೇಲೆಲ್ಲೋ ಮಳೆಯಾಗಿ ಕಪಿಲೆ ಕೆಂಪಗೆ ತುಂಬಿದ್ದಳು. ಸ್ನಾನಘಟ್ಟದ ಮೆಟ್ಟಿಲುಗಳಲ್ಲಿ ಮೇಲಿನ ನಾಲ್ಕು ಮಾತ್ರ ಕಾಣುತ್ತಿದ್ದವು. ಅದು ಊರೂರು ಸುತ್ತಿ ಹೋಗುವ ಬಸ್ಸು. ಹೆಡತಲೆಯ ಕಡೆಯ ಹೆಂಗಸೊಬ್ಬಳು ವೀಳ್ಯದೆಲೆಯ ಕುಕ್ಕೆಯನ್ನು ನನ್ನ ಕಾಲಿನ ಮೇಲೇ ಇಟ್ಟು ಕುಳಿತಳು. ಒದ್ದೆ ಎಲೆಯ ತಂಪು ಪಾದಕ್ಕೆ ತಗಲುತ್ತಿತ್ತು. ಅರ್ಧ ದಾರಿಯಲ್ಲಿ ಅಪ್ಪನಿಗೆ ನೆನಪಾಗಿ, ಎಲ್ಲಿ ತೋರಿಸು ನಿನ್ನ ಕಾಸು ಎಂದು ಕೈ ಚಾಚಿದರು. ನಾನು ಕೊಟ್ಟೆ. ಅಪ್ಪ ಹೆಬ್ಬೆರಳನ್ನು ಅಂಚಿನ ಮೇಲೆ ಆಡಿಸುತ್ತ ಬಂದು, ಆ ಕಚ್ಚು ಸಿಕ್ಕಿದಲ್ಲಿ ನಿಲ್ಲಿಸಿದರು.

“ಎಲ್ಲಿತ್ತು ಇದು?”

ಅಜ್ಜಿಯ ಸೀರೆ ಕೆಳಗೆ, ಬಟ್ಟೆಯಲ್ಲಿ ಸುತ್ತಿತ್ತು ಎಂದೆ. ಎರಡು ಊರು ದಾಟಿದವು. ಗದ್ದೆಗಳು, ಒಂದು ಅಕ್ಕಿ ಗಿರಣಿ, ಒಂದು ಸಾಲು ಹುಣಸೆಮರ ಹೋದವು. ಆಮೇಲೆ ಕಿಟಕಿಯ ಕಡೆ ಮುಖ ಮಾಡಿಕೊಂಡೇ, ಪಕ್ಕದವರಿಗೆ ಕೇಳಿಸದ ಹಾಗೆ ಹೇಳಿದರು. ಅಜ್ಜಿ ಸತ್ತಾಗ ಅವಳ ಹಣೆಗೆ ಅಂಟಿಸಿದ್ದ ಕಾಸು ಅದು. ಮಣ್ಣು ಮಾಡುವ ಮೊದಲು ಹಣೆಯಿಂದ ಬಿಡಿಸಿ ಮಗನಾದವನು ತಂದಿಡುತ್ತಾನೆ. ವರ್ಷದ ಪೂಜೆಯಾದ ದಿನ ಹೊಳೆಗೆ ಬಿಡುತ್ತಾನೆ. ಅಲ್ಲಿಯವರೆಗೆ ಅದು ಸತ್ತವರ ಕಾಸೇ. ಯಾರೂ ಮುಟ್ಟಬಾರದು. ಇದು ನಮ್ಮ ಮನೆತನದ ಪದ್ಧತಿ ಎಂದು ಹೇಳಿ, ರೂಪಾಯಿಯನ್ನು ಮತ್ತೆ ನನ್ನ ಅಂಗಿಯ ಜೇಬಿಗೆ ಹಾಕಿದರು. ಅಜ್ಜಿಯನ್ನು ಮಣ್ಣು ಮಾಡಿದ ದಿನ ನನ್ನನ್ನು ಪಕ್ಕದ ಮನೆಗೆ ಕಳಿಸಿದ್ದರಿಂದ ಈ ವಿದ್ಯೆ ನನಗೆ ತಪ್ಪಿಹೋಗಿತ್ತು.

ನನ್ನ ಉಗುರಿನ ಸಂದಿಯಲ್ಲಿ ಆ ಅಂಟು ಇನ್ನೂ ಇತ್ತು. ನಾನು ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತೆ.

ನರಸೀಪುರದಲ್ಲಿ ಇಳಿದವರೇ ಬೆಳ್ಳಿ ಅಂಗಡಿಗಳ ಸಾಲಿಗೆ ಹೋದೆವು. ಅಂದು ಅವರ ವಾರದ ರಜೆ. ಮುಚ್ಚಿದ ಐದು ಬಾಗಿಲುಗಳನ್ನು ಅಪ್ಪ ಒಂದೊಂದಾಗಿ, ಯಾವುದಾದರೂ ಮನಸ್ಸು ಬದಲಿಸೀತೇ ಎನ್ನುವಂತೆ ನೋಡಿದರು. ಕೊನೆಗೆ ಒಂದು ಹೊಸ ನೂರರ ನೋಟನ್ನು ಮಡಿಸಿ ನನ್ನ ಕೈಗೆ ಕೊಟ್ಟು, ಇದನ್ನೇ ಕೊಡು, ರೂಪಾಯಿ ನಿನ್ನ ಅಂಗಿಯ ಜೇಬಿನಲ್ಲೇ ಇರಲಿ, ಹೊರಗೆ ತೆಗೆಯಬೇಡ ಎಂದರು. ತಮ್ಮ ಜೇಬಿನಲ್ಲಿ ಯಾಕೆ ಇಟ್ಟುಕೊಳ್ಳಲಿಲ್ಲ ಎಂದು ನಾನು ಅಂದು ಕೇಳಲಿಲ್ಲ. ಅಪ್ಪನಿಗೂ ಅದನ್ನು ಮುಟ್ಟಲು ಭಯವಿತ್ತೆಂದು ಈಗ ಅನ್ನಿಸುತ್ತದೆ.

ಅಕ್ಕನ ಮನೆಯ ಬಾಗಿಲಿಗೆ ತೋರಣವಿತ್ತು, ಒಳಗೆ ಒಬ್ಬಟ್ಟಿನ ಪರಿಮಳವಿತ್ತು, ಆದರೆ ಯಾರೂ ನಗುತ್ತಿರಲಿಲ್ಲ. ಮಗುವಿಗೆ ಬೆಳಗಿನ ಜಾವದಿಂದ ಜ್ವರ. ಹಲ್ಲು ಬರುವ ಜ್ವರವಿರಬೇಕೆಂದು ಒಬ್ಬರು, ದೃಷ್ಟಿಯಾಗಿರಬೇಕೆಂದು ಇನ್ನೊಬ್ಬರು. ಅಕ್ಕ ಒದ್ದೆ ಬಟ್ಟೆಯಲ್ಲಿ ಅದರ ಹಣೆ ಒರೆಸುತ್ತಿದ್ದಳು. ಬೆಳಗಿನ ಜಾವ ಆ ರೂಪಾಯಿ ನನ್ನ ದಿಂಬಿನ ಕೆಳಗಿತ್ತು. ಈ ಲೆಕ್ಕ ನನ್ನ ತಲೆಯಲ್ಲಿ ಬೇಡವೆಂದರೂ ತಾನೇ ಆಗಿಹೋಯಿತು.

ಹೊತ್ತು ಮೀರುತ್ತದೆಂದು ಅತ್ತೆಮ್ಮ ನನ್ನನ್ನು ಮಣೆಯ ಮೇಲೆ ಕೂರಿಸಿ ಮಗುವನ್ನು ತೊಡೆಗೆ ಹಾಕಿದರು. ಬಿಸಿ ಇಟ್ಟಿಗೆಯನ್ನು ಇಟ್ಟಂತಾಯಿತು. ನಾನು ನೋಟನ್ನು ಚಾಚಿದೆ. ಮಗು ನೋಟಿನ ಕಡೆ ನೋಡಲೇ ಇಲ್ಲ. ನನ್ನ ಜೇಬಿಗೆ ಕೈ ತೂರಿ, ರೂಪಾಯಿಯನ್ನು ಹಿಡಿದು ಹೊರಗೆಳೆಯಿತು. ಸುತ್ತ ಇದ್ದ ಹೆಂಗಸರು ಬೆಳಗಿನಿಂದ ಮೊದಲ ಸಲ ನಕ್ಕರು.

“ನೋಡ್ದೇನವ್ವ,” ಎಂದರು ಅತ್ತೆಮ್ಮ. “ಮಾವ ನೋಟು ತೋರ್ಸಿ ಏಮಾರ್ಸಕ್ಕೆ ನೋಡ್ದ. ನಮ್ಮುಡುಗಿ ಬುಟ್ಟಾಳಾ?”

ಹಾಗೆಂದು ಅವರು ಸಂತೋಷದಿಂದ ಮಗುವಿನ ಮುಷ್ಟಿಯನ್ನು ಹಿಡಿದು ರೂಪಾಯಿಯನ್ನು ಅದರ ಹಣೆಗೆ ಒತ್ತಿದರು. ಹಣೆ ಒದ್ದೆಯಾಗಿತ್ತು. ಕೈ ತೆಗೆದರೂ ರೂಪಾಯಿ ಬೀಳಲಿಲ್ಲ, ಅಲ್ಲೇ ಅಂಟಿಕೊಂಡು ನಿಂತಿತು. ಅಡುಗೆಮನೆಯಿಂದ ಬರುತ್ತಿದ್ದ ಅವ್ವ ಅದನ್ನು ಕಂಡಳು, ಅದರ ಅಂಚಿನ ಕಚ್ಚನ್ನೂ ಕಂಡಳು. ಹತ್ತು ತಿಂಗಳ ಹಿಂದೆ ಅದನ್ನು ಅಜ್ಜಿಯ ಹಣೆಗೆ ಅಂಟಿಸಿದ್ದು ಅವಳದೇ ಕೈ. ಅವಳ ಕೈಯಲ್ಲಿದ್ದ ತಟ್ಟೆ ನೆಲಕ್ಕೆ ಬಿತ್ತು.

“ತೆಗೀರಿ ಅದ,” ಎಂದಳು ಅವ್ವ. “ಹಣೆಯಿಂದ ತೆಗೀರಿ ಅಕ್ಕಾರೆ.”

ರೂಪಾಯಿ ತಾನೇ ಜಾರಿ ಬಿತ್ತು. ಮಗು ಅದನ್ನು ಮತ್ತೆ ಹಿಡಿದುಕೊಂಡಿತು. ಯಾಕೆ, ಏನಾಯಿತು ಎಂದು ಅತ್ತೆಮ್ಮ ಅವ್ವನನ್ನು ಕೇಳಿದರು, ಅಪ್ಪನನ್ನು ಕೇಳಿದರು. ಅಪ್ಪ ನೆಲದ ಮೇಲೆ ಚೆಲ್ಲಿದ್ದ ಕೋಸಂಬರಿಯನ್ನು ನೋಡುತ್ತಿದ್ದರು. ಕೊನೆಗೆ ಅತ್ತೆಮ್ಮ ನನ್ನ ಮುಖ ನೋಡಿದರು.

“ನಮ್ಮಜ್ಜಿ ಹಣೆ ಮೇಲಿದ್ದದ್ದು,” ಎಂದೆ. “ಸತ್ತಾಗ. ನಂಗೆ ಗೊತ್ತಿರ್ಲಿಲ್ಲ. ನಾನೇ ಆರಿಸ್ದೆ.”

ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಅಕ್ಕನ ಕಡೆ ತಿರುಗಿದರು.

“ಅವತ್ತು ಗೆಜ್ಜೆ ಅಗುರಾಯ್ತು ಅಂದೆ ನೋಡು. ನಿಮ್ಮ ತವ್ರೋರು ಇವತ್ತು ಭಾರವಾಗೇ ತಂದವ್ರೆ.”

ಅಕ್ಕ ಮಗುವಿನ ಕೈಯನ್ನೇ ನೋಡುತ್ತಿದ್ದಳು.

ಆಗ ಎರಡು ಶಾಸ್ತ್ರಗಳು ಎದುರುಬದುರು ನಿಂತವು. ಸತ್ತವರ ಕಾಸು ಮಗುವಿನ ಕೈಯಲ್ಲಿರಬಾರದು. ಆದರೆ ಮಾವನ ತೊಡೆಯ ಮೇಲೆ ಮಗು ಹಿಡಿದ ಬೆಳ್ಳಿಯನ್ನು ಯಾರೂ ಕಿತ್ತುಕೊಳ್ಳಬಾರದು. ಕಿತ್ತುಕೊಂಡರೆ ಆಯಸ್ಸನ್ನೇ ಕಿತ್ತುಕೊಂಡ ಹಾಗೆ. ಮಗು ತಾನಾಗಿ ಬಿಡಬೇಕು. ಹನ್ನೆರಡು ಜನ ದೊಡ್ಡವರು ಒಂದು ವರ್ಷದ ಮಗುವಿನ ಬೆರಳುಗಳ ಮುಂದೆ ಕೈಕಟ್ಟಿ ಕುಳಿತರು. ಗಿಲಕಿ ತಂದರು, ಬೀಗದ ಕೈ ಗೊಂಚಲು ತಂದರು, ಬಾಳೆಹಣ್ಣು ಸುಲಿದು ಹಿಡಿದರು. ಯಾರೋ ಕೋಳಿಯ ಹಾಗೆ ಕೂಗಿ ತೋರಿಸಿದರು. ಶಿವಪೂಜೆ ತಪ್ಪಿಸದ, ತುಂಬ ಗೌರವಸ್ಥ ಮನುಷ್ಯ ಅವರು. ಮಗು ರೂಪಾಯಿಯನ್ನು ಬಾಯಿಗಿಟ್ಟುಕೊಂಡು ಚೀಪಿತೇ ಹೊರತು ಬಿಡಲಿಲ್ಲ. ಅಷ್ಟು ಅಗಲದ ಕಾಸು ಗಂಟಲಿಗೆ ಇಳಿಯದು ಎಂಬುದೊಂದೇ ಸಮಾಧಾನ. ಒಬ್ಬಟ್ಟು ಆರಿ ತೊಗಲಿನಂತಾಯಿತು. ಬಂದಿದ್ದ ನೆಂಟರು ಒಬ್ಬೊಬ್ಬರಾಗಿ, ಬಸ್ಸಿಗೆ ಹೊತ್ತಾಯಿತೆಂದು ಎದ್ದರು. ಮಗುವನ್ನು ತೊಡೆಯಿಂದ ಇಳಿಸಬಾರದೆಂದು ನಾನು ಅಲ್ಲಾಡದೆ ಕುಳಿತಿದ್ದೆ. ಗಂಟೆ ಹೋದಂತೆ ಮಗು ಇನ್ನೂ ಬಿಸಿಯಾಗುತ್ತಿತ್ತು. ಅದು ನನಗೆ ಗೊತ್ತಾಗುತ್ತಿತ್ತು, ಚಡ್ಡಿಯ ಮೂಲಕವೇ ಗೊತ್ತಾಗುತ್ತಿತ್ತು. ಹೇಳಿದರೆ ಅದೂ ನನ್ನ ತಪ್ಪೇ ಆಗುತ್ತದೆಂದು ಸುಮ್ಮನಿದ್ದೆ.

ಆ ಹೊತ್ತಿನಲ್ಲೆಲ್ಲ ಎಲ್ಲರೂ ಮುಷ್ಟಿಯನ್ನು ನೋಡಿದರು. ಜ್ವರವನ್ನು ಯಾರೂ ನೋಡಲಿಲ್ಲ. ಡಾಕ್ಟರ ಮನೆ ಎರಡು ಬೀದಿ ಆಚೆ ಇತ್ತು.

ಬಿಸಿಲು ಇಳಿಯುವ ಹೊತ್ತಿಗೆ ಮಗುವಿಗೆ ನಿದ್ದೆ ಬಂತು. ನಿದ್ದೆ ಎಂದೇ ನಾವು ಅಂದುಕೊಂಡೆವು. ಬೆರಳುಗಳು ಒಂದೊಂದೇ ಸಡಿಲವಾದವು. ಅಕ್ಕ ರೂಪಾಯಿಯನ್ನು ಎತ್ತಿ, ಅಪ್ಪನಿಗೆ ಕೊಡದೆ ನನ್ನ ಕೈಯಲ್ಲಿಟ್ಟಳು.

“ನೀನೇ ಹಾಕ್ಬುಡು ಮಗ,” ಎಂದಳು. “ಹಾಕ್ಬುಟ್ಟು ಹಿಂದಕ್ಕೆ ತಿರುಗಿ ನೋಡ್ಬೇಡ.”

ಅಪ್ಪ ನನ್ನನ್ನು ಸಂಗಮಕ್ಕೆ ಕರೆದುಕೊಂಡು ಹೋದರು. ಅಲ್ಲಿ ಕಪಿಲೆ ಕಾವೇರಿಗೆ ಸೇರುತ್ತಾಳೆ. ಆ ದಿನ ನೀರು ಎರಡು ಬಣ್ಣವಾಗಿ ಒಂದನ್ನೊಂದು ತಳ್ಳುತ್ತಿತ್ತು. ಅಪ್ಪ ಚಪ್ಪಲಿ ಬಿಟ್ಟು, ಟವೆಲ್ಲನ್ನು ಸೊಂಟಕ್ಕೆ ಸುತ್ತಿಕೊಂಡು, ಎದುರಿಗೆ ನಿಂತವರೊಡನೆ ಮಾತಾಡುವಂತೆ ನೀರಿಗೆ ಹೇಳಿದರು: “ಅವ್ವ, ಉಡುಗುಂಗೆ ಗೊತ್ತಿರ್ಲಿಲ್ಲ. ಎರಡು ತಿಂಗ್ಳು ಮುಂಚೆ ಕೊಡ್ತಾ ಇವ್ನಿ. ತಕ್ಕೊ.” ನಾನು ಎಸೆದೆ. ಸದ್ದು ಕೇಳಲಿಲ್ಲ. ನಾಲ್ಕು ಹೆಜ್ಜೆ ಬಂದ ಮೇಲೆ ನಾನು ತಿರುಗಿ ನೋಡಿದೆ. ನೀರು ಬಿಟ್ಟು ಬೇರೇನೂ ಇರಲಿಲ್ಲ. ತಿರುಗಿ ನೋಡಿದೆನೆಂದು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ. ನೀವೂ ನಿಮ್ಮ ಮುತ್ತಜ್ಜಿಗೆ, ಅಂದರೆ ಅದೇ ಅತ್ತೆಮ್ಮನಿಗೆ, ಹೇಳಬೇಡಿ.

ಜ್ವರ ಇಳಿಯಲಿಲ್ಲ. ಮೂರನೆಯ ದಿನ ಮಗುವನ್ನು ಮೈಸೂರಿನ ಆಸ್ಪತ್ರೆಗೆ ಸೇರಿಸಿದರು. ಸೋಂಕು ತಲೆಗೇರಿತ್ತು, ಮೊದಲ ದಿನವೇ ತಂದಿದ್ದರೆ ಚೆನ್ನಾಗಿತ್ತು ಎಂದು ಅಲ್ಲಿನ ಡಾಕ್ಟರು ಅಪ್ಪನನ್ನು ಬೈದರಂತೆ. ಆ ಡಾಕ್ಟರ ಮಾತನ್ನು ನಾನು ಪೂರ್ತಿ ನಂಬುತ್ತೇನೆ, ಹಗಲು ಹೊತ್ತು. ಅಪ್ಪ ಕೊನೆಯವರೆಗೂ ಆ ವಿಷಯ ಎತ್ತಲಿಲ್ಲ. ಅಕ್ಕ ನನ್ನನ್ನು ಒಂದು ದಿನವೂ ಆಡಿಕೊಳ್ಳಲಿಲ್ಲ. ಅತ್ತೆಮ್ಮ ಅವಳ ಪಾಲನ್ನೂ ಸೇರಿಸಿ ಆಡಿದರು.

ಹೋದ ತಿಂಗಳು ನಿಮ್ಮಲ್ಲೊಬ್ಬರ ಹುಟ್ಟುಹಬ್ಬಕ್ಕೆ ನಾನು ಫೋನಿನಲ್ಲೇ ದುಡ್ಡು ಕಳಿಸಿದೆ. ಟಿಣ್ ಎಂದಿತು, ನೀವು ಥ್ಯಾಂಕ್ಸ್ ತಾತ ಎಂದಿರಿ, ಮುಗಿಯಿತು. ಆ ದುಡ್ಡಿಗೆ ರಾಜನ ಮುಖವಿಲ್ಲ, ತೂಕವಿಲ್ಲ. ಅದು ಮೊದಲು ಯಾರ ಹಣೆಯ ಮೇಲಿತ್ತೆಂದು ಯಾರೂ ಕೇಳುವುದಿಲ್ಲ. ಅದನ್ನು ಮುಷ್ಟಿಯಲ್ಲಿ ಹಿಡಿಯಲೂ ಬರುವುದಿಲ್ಲ. ಹಿಡಿಯುವ ಸುಖ ನಿಮಗೆ ತಪ್ಪಿತಲ್ಲ ಎಂದು ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ. ಆದರೆ ನಿಮ್ಮ ಮೈ ಸ್ವಲ್ಪ ಬೆಚ್ಚಗಾದರೆ ನಿಮ್ಮ ಅಮ್ಮ ಏನು ಮಾಡುತ್ತಾಳೆ ನೋಡಿದ್ದೇನೆ. ಯಾರು ಏನು ಕೊಟ್ಟರು, ಯಾರ ದೃಷ್ಟಿ ಬಿತ್ತು ಎಂದು ವಿಚಾರಿಸುವುದಿಲ್ಲ. ಕಂಕುಳಿಗೆ ಥರ್ಮಾಮೀಟರ್ ಇಟ್ಟು, ಇನ್ನೊಂದು ಕೈಯಲ್ಲಿ ಸ್ಕೂಟರಿನ ಕೀ ಹಿಡಿದಿರುತ್ತಾಳೆ. ಅಂದು ನನ್ನ ತೊಡೆಯ ಮೇಲಿದ್ದ ಮಗು ಅವಳೇ.

ಜ್ವರ ಒಂಬತ್ತನೆಯ ದಿನ ಬಿಟ್ಟಿತು. ನಿಮ್ಮ ಅಮ್ಮನಿಗೆ ಅಂದಿನಿಂದ ಎಡಗಿವಿ ಕೇಳಿಸುವುದಿಲ್ಲ.