ಪೂಜೆಗಿಟ್ಟ ಕಂಪ್ಯೂಟರಿಗೆ ಹತ್ತಿದ ವೈರಸ್ಸು

ಇದನ್ನು ಹೇಳುವುದನ್ನು ನಾನು ಹತ್ತು ವರ್ಷಕ್ಕೂ ಮೇಲೆ ಮುಂದಕ್ಕೆ ಹಾಕುತ್ತಾ ಬಂದೆ. ನೆಪಕ್ಕೆ ಬರವಿರಲಿಲ್ಲ. ಮೊದಲು ಅಂಗಡಿಯ ಕೆಲಸ, ಆಮೇಲೆ ಅಂಗಡಿ ಮುಚ್ಚುವ ತಾಪತ್ರಯ, ಆಮೇಲೆ ಮೊಣಕಾಲು ನೋವು. ಈಗ ಮೊಣಕಾಲಿಗೆ ಆಪರೇಷನ್ ಕೂಡ ಆಗಿ ಮೂರು ತಿಂಗಳಾಯಿತು. ಕೂತು ಬರೆಯುವುದಕ್ಕೆ ಇನ್ನೇನೂ ಅಡ್ಡಿ ಉಳಿದಿಲ್ಲ.

ಬಸವನಗುಡಿಯಲ್ಲಿ ನಮ್ಮಂಥ ಮುದುಕರು ವಾರಕ್ಕೆರಡು ದಿನ ಸೇರುವ ಒಂದು ಹಾಲ್ ಇದೆ. ಅಲ್ಲಿ ನನಗೆ ಕಂಪ್ಯೂಟರ್ ಪಂಡಿತ ಎಂಬ ಬಿರುದು. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಕಂಪ್ಯೂಟರಿನಲ್ಲಿ ನನಗೆ ಬರುವುದು ಒಂದೇ ವಿದ್ಯೆ, ಸುಳ್ಳು ಆಂಟಿವೈರಸ್ಸನ್ನು ಗುರುತಿಸಿ ಕಿತ್ತು ಹಾಕುವುದು. ಒಂದೇ ವಿದ್ಯೆ ಬರುವವನು ಅದನ್ನು ನೂರು ಸಲ ಹೇಳುತ್ತಾನೆ. ನಾನೂ ಹೇಳಿದ್ದೇನೆ. ಕೇಳುವವರು ಪ್ರತಿ ಸಲವೂ ಹೊಸದಾಗಿ ಕೇಳುತ್ತಾರೆ, ಯಾಕೆಂದರೆ ಹಿಂದಿನ ಸಲದ್ದು ಯಾರಿಗೂ ನೆನಪಿರುವುದಿಲ್ಲ.

ಮೊನ್ನೆ ನಿವೃತ್ತ ಬ್ಯಾಂಕ್ ಆಫೀಸರೊಬ್ಬರು ಲ್ಯಾಪ್‌ಟಾಪನ್ನು ಮಗು ಎತ್ತಿಕೊಂಡ ಹಾಗೆ ಎದೆಗೆ ಆನಿಸಿಕೊಂಡು ಬಂದರು.

"ನೋಡ್ರೀ, ಬೆಳಗ್ಗೆಯಿಂದ ಒಂದೇ ಸಮ ಬಡ್ಕೋತಿದೆ. ನಾನ್ನೂರ ಹನ್ನೆರಡು ವೈರಸ್ ಇದೆಯಂತೆ."

"ಎಣಿಸೋಕೆ ಎಷ್ಟೊತ್ತು ತಗೊಳ್ತು?"

"ಎಣಿಸೋದೇನು ಬಂತು. ತೆಗೀತಿದ್ದಂಗೇ ಹೇಳ್ತು."

"ಡಾಕ್ಟ್ರು ಬಾಗಿಲಲ್ಲಿ ನಿಮ್ಮ ಮುಖ ನೋಡಿ ನಾನ್ನೂರು ಕಾಯಿಲೆ ಇದೆ ಅಂದ್ರೆ ನಂಬ್ತೀರಾ?"

"ನಮ್ಮ ಡಾಕ್ಟ್ರು ಹಂಗೇ ಹೇಳೋದು," ಎಂದರು. ಹಾಲಿನಲ್ಲಿ ಎಲ್ಲರೂ ನಕ್ಕರು.

ನಾನು ಶುರು ಮಾಡಿದೆ. ನಿಜವಾದ ಆಂಟಿವೈರಸ್ ಹೀಗೆ ಬೊಬ್ಬೆ ಹಾಕುವುದಿಲ್ಲ. ಪೂರ್ತಿ ಹುಡುಕುವುದಕ್ಕೆ ಅದಕ್ಕೆ ಗಂಟೆಗಟ್ಟಲೆ ಬೇಕು. ಇದು ಕ್ಷಣದಲ್ಲಿ ಲೆಕ್ಕ ಒಪ್ಪಿಸುತ್ತದೆ. ನೀವು ಹಾಕಿಸಿಕೊಂಡ ಆಂಟಿವೈರಸ್ಸಿನ ಹೆಸರೇ ಬೇರೆ, ಇದರ ಹೆಸರೇ ಬೇರೆ. ಇದು ಕೇಳುವುದು ಕಾರ್ಡಿನ ನಂಬರು, ಇಲ್ಲದಿದ್ದರೆ ಫೋನ್ ಮಾಡು ಎನ್ನುತ್ತದೆ. ಪರದೆಯ ಮೇಲೆ ಬರುವ ಆ ಪೆಟ್ಟಿಗೆಯ ಒಳಗೆ ಎಲ್ಲೂ ಒತ್ತಬೇಡಿ, 'ಬೇಡ' ಅಂತ ಬರೆದ ಕಡೆಯೂ ಒತ್ತಬೇಡಿ, ಎರಡೂ ಗುಂಡಿಗಳು ಒಂದೇ ಕೆಲಸ ಮಾಡುತ್ತವೆ. ಅವರ ವಿಷಯದಲ್ಲಿ ಕಂಪ್ಯೂಟರಿನೊಳಗೆ ಏನೂ ಬಂದಿರಲಿಲ್ಲ. ಯಾವುದೋ ಜ್ಯೋತಿಷ್ಯದ ವೆಬ್‌ಸೈಟಿಗೆ 'ಸೂಚನೆ ಕಳಿಸಲು ಅನುಮತಿ' ಕೊಟ್ಟಿದ್ದರು, ಅದು ದಿನವಿಡೀ ಕಳಿಸುತ್ತಿತ್ತು. ಬ್ರೌಸರಿನ ಸೆಟ್ಟಿಂಗಿಗೆ ಹೋಗಿ ಅನುಮತಿ ತೆಗೆದೆ. ಕೂಗು ನಿಂತಿತು.

"ಎಲ್ಲಿ ಕಲಿತ್ರಿ ಸ್ವಾಮಿ ಇದನ್ನೆಲ್ಲ?" ಎಂದರು.

"ಅನುಭವ," ಎಂದೆ.

ಆ ಪೆಟ್ಟಿಗೆ ಹೇಳಿದ ನಾನ್ನೂರ ಹನ್ನೆರಡು ಸುಳ್ಳಿಗಿಂತ ನನ್ನ ಒಂದು ಸುಳ್ಳು ದೊಡ್ಡದು. ಇದನ್ನು ನನಗೆ ಕಲಿಸಿದವಳು ಒಬ್ಬಳಿದ್ದಳು. ಕಲಿಸಿದ ದಿನವೇ ನಾನು ಅವಳ ಹೆಸರು ಕೆಡಿಸಿದೆ.

ಚಾಮರಾಜಪೇಟೆಯಲ್ಲಿ ನನ್ನದೊಂದು ಸಣ್ಣ ಪ್ರೆಸ್ ಇತ್ತು. ಹದಿನೇಳನೇ ವಯಸ್ಸಿಗೆ ಅಚ್ಚಿನ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದವನು ನಾನು. ಆ ಪ್ರೆಸ್ಸಿನ ಮಾಲೀಕರು ತೀರಿಕೊಂಡ ಮೇಲೆ ಅದನ್ನೇ ನಡೆಸಿದೆ. ಸೀಸದ ಮೊಳೆಗಳು ಹೋಗಿ ಕಂಪ್ಯೂಟರ್ ಬಂದಾಗ ನನ್ನ ಕೈ ಹೋಯಿತು, ಬಾಯಿ ಮಾತ್ರ ಉಳಿಯಿತು. ಹಾಗಾಗಿ ಟೈಪ್ ಮಾಡಲು ಒಬ್ಬ ಹುಡುಗಿಯನ್ನು ಇಟ್ಟುಕೊಂಡೆ. ಓಕಳಿಪುರದವಳು, ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಪಿಯುಸಿ ಮುಗಿಸಿ ಶೇಷಾದ್ರಿಪುರದಲ್ಲಿ ಡಿಟಿಪಿ ಕಲಿತಿದ್ದಳು. ಏಳು ವರ್ಷ ನನ್ನ ಅಂಗಡಿಯ ಲಗ್ನಪತ್ರಿಕೆಗಳೆಲ್ಲ ಅವಳ ಕೈಯಲ್ಲೇ ಆದವು. ಬೀಗರ ಕಡೆಯ ಒಂದು ಒತ್ತಕ್ಷರ ತಪ್ಪಿದರೂ ಕುರುಕ್ಷೇತ್ರ ಮಾಡುವ ಊರು ಇದು. ಏಳು ವರ್ಷದಲ್ಲಿ ಒಂದು ಪತ್ರಿಕೆಯೂ ವಾಪಸ್ ಬರಲಿಲ್ಲ. ಅದನ್ನು ನನ್ನ ಅಂಗಡಿಯ ಹೆಚ್ಚುಗಾರಿಕೆ ಎಂದು ಹೇಳಿಕೊಂಡು ತಿರುಗುತ್ತಿದ್ದೆ.

ಅವಳ ಮನೆಯಲ್ಲಿ ಬುದ್ಧನ ಪಟ ಮಾತ್ರ ಇತ್ತು, ಪೂಜೆ ಪುನಸ್ಕಾರ ಇರಲಿಲ್ಲ. ಆಯುಧಪೂಜೆಯ ದಿನ ಅವಳು ಬಂದು ಕಂಪ್ಯೂಟರ್ ಒರೆಸಿ, ನೆಲ ಗುಡಿಸಿ, ಹೂ ಕಟ್ಟಿಕೊಟ್ಟು, ಮಂಗಳಾರತಿ ಹೊತ್ತಿಗೆ ಬಾಗಿಲ ಬಳಿ ಕೈಕಟ್ಟಿ ನಿಲ್ಲುತ್ತಿದ್ದಳು. ಕಡ್ಲೆಪುರಿ ತೆಗೆದುಕೊಳ್ಳುತ್ತಿದ್ದಳು, ಕುಂಕುಮ ತೆಗೆದುಕೊಳ್ಳುತ್ತಿರಲಿಲ್ಲ. ಆರು ವರ್ಷ ಇದು ಯಾರ ಕಣ್ಣಿಗೂ ಬೀಳಲಿಲ್ಲ. ಬಿತ್ತು ಅಂತಲೇ ಇಟ್ಟುಕೊಳ್ಳಿ, ಯಾರಿಗೂ ಅದರಿಂದ ಉಪಯೋಗ ಇರಲಿಲ್ಲ.

ಏಳನೇ ವರ್ಷ ನನಗೊಂದು ಶೋಕಿ ಹತ್ತಿತು. ಕಂಪ್ಯೂಟರಿನ ಪರದೆ ಕಪ್ಪಗಿದ್ದರೆ ಪೂಜೆಗೆ ಕಳೆ ಇಲ್ಲ ಅನ್ನಿಸಿತು. ದೇವಿಯ ಚಿತ್ರ ಬೇಕು, ಮುಂದೆ ದೀಪ ಅಲುಗಾಡಬೇಕು. ಆ ಬೆಳಿಗ್ಗೆ ಅವಳು ಬರುವುದಕ್ಕೆ ಮುಂಚೆ ಒಂದೇ ಬೆರಳಿನಲ್ಲಿ ಟೈಪ್ ಮಾಡಿ ಹುಡುಕಿದೆ. ಪುಕ್ಕಟೆ ಕೊಡುತ್ತೇವೆ ಎಂದಿತು ಒಂದು ವೆಬ್‌ಸೈಟು. ಪುಕ್ಕಟೆ ಎಂಬ ಮಾತು ಕಂಡರೆ ಮುಗ್ಗರಿಸಿ ಬೀಳುವ ಜಾತಿ ನಮ್ಮದು. ಒತ್ತಿದೆ. ದೇವಿ ಬಂದಳು, ದೀಪವೂ ಅಲುಗಾಡಿತು. ಜೊತೆಗೆ ಗುರಾಣಿಯ ಚಿತ್ರ ಇದ್ದ ಒಂದು ಕೆಂಪು ಪೆಟ್ಟಿಗೆ ಬಂದು ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ, ಶುದ್ಧಿ ಮಾಡಲೇ ಎಂದು ಕೇಳಿತು. ಹಬ್ಬದ ದಿನ ಶುದ್ಧಿ ಮಾಡುತ್ತೇನೆ ಎಂದವನಿಗೆ ಬೇಡ ಅನ್ನುತ್ತಾರೆಯೇ? ಅದನ್ನೂ ಒತ್ತಿದೆ.

ಪೂಜೆ ಆಯಿತು. ಪರದೆಗೆ ಗಂಧ, ಕೀಬೋರ್ಡಿಗೆ ಕುಂಕುಮ, ಮೌಸಿಗೆ ಚೆಂಡುಹೂ. ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆದು ಒಳಗೆ ಬಂದರೆ ದೇವಿಯ ಮುಖದ ಮೇಲೆ ಅದೇ ಕೆಂಪು ಪೆಟ್ಟಿಗೆ ಕೂತಿತ್ತು. ಅವಳು ನೋಡಿದಳು.

"ಸರ್, ಇದು ನಾವು ಹಾಕಿಸಿದ ಆಂಟಿವೈರಸ್ ಅಲ್ಲ. ಸುಳ್ಳು ಇದು. ನೆಟ್ ವೈರ್ ಕಿತ್ಬಿಡ್ತೀನಿ."

"ಮುಟ್ಬೇಡ. ಪೂಜೆಗಿಟ್ಟಿದೀವಿ."

"ವೈರ್ ಮಾತ್ರ ಸರ್. ಇಲ್ಲಾಂದ್ರೆ ಇನ್ನೂ ಏನೇನೋ ಇಳಿಸ್ಕೊಳ್ಳತ್ತೆ."

"ನಾಳೆ ವಿಜಯದಶಮಿ ತನಕ ಯಾರೂ ಕೈ ಹಚ್ಚೋ ಹಾಗಿಲ್ಲ ಕಣಮ್ಮ. ನಿಂಗೆ ಗೊತ್ತಾಗಲ್ಲ ಇದೆಲ್ಲ."

ಅವಳು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡಳು. ಪೂಜೆಗಿಟ್ಟ ಆಯುಧವನ್ನು ಮರುದಿನದವರೆಗೆ ಮುಟ್ಟಬಾರದು ಎಂಬುದು ಕೊಡಲಿ ಕುಡುಗೋಲಿನ ಕಾಲದ ನಿಯಮ. ಕುಡುಗೋಲನ್ನು ಗೋಡೆಗೆ ಒರಗಿಸಿಟ್ಟರೆ ಅದು ಅಲ್ಲೇ ಇರುತ್ತದೆ. ಇದು ತಂತಿಯ ಮೂಲಕ ಹೊರಗಿನ ಲೋಕಕ್ಕೆ ಬಾಯಿ ತೆರೆದುಕೊಂಡು ಕೂತಿದ್ದ ಆಯುಧ. ಒಂದು ಹಗಲು, ಒಂದು ರಾತ್ರಿ ಅದು ಏನು ಬೇಕೋ ಅದನ್ನು ನುಂಗಿತು. ನಾನು ಮನೆಯಲ್ಲಿ ಒಬ್ಬಟ್ಟು ತಿಂದೆ.

ಮರುದಿನ ಯಾವ ಫೈಲು ತೆರೆಯಹೋದರೂ ಇದರಲ್ಲಿ ಸೋಂಕಿದೆ ಎಂದು ಪೆಟ್ಟಿಗೆ ಅಡ್ಡ ಬರುತ್ತಿತ್ತು. ಪೂರ್ತಿ ಗುಣವಾಗಬೇಕಾದರೆ ದೊಡ್ಡ ಆವೃತ್ತಿ ಕೊಳ್ಳಿ, ಕಾರ್ಡಿನ ನಂಬರು ಹಾಕಿ ಎನ್ನುತ್ತಿತ್ತು. ನನ್ನ ಹತ್ತಿರ ಆಗ ಕಾರ್ಡು ಇರಲಿಲ್ಲ. ನನ್ನನ್ನು ಕಾಪಾಡಿದ್ದು ಬುದ್ಧಿ ಅಲ್ಲ, ಕಾರ್ಡು ಇಲ್ಲದೇ ಇದ್ದದ್ದು.

ಅವಳು ಬಂದಳು, ಗದ್ದಲ ಮಾಡಲಿಲ್ಲ. ಮೊದಲು ನೆಟ್ ವೈರ್ ಕಿತ್ತಳು. ಆಮೇಲೂ ಪೆಟ್ಟಿಗೆ ಹೊಸ ಹೊಸ ವೈರಸ್ ಎಣಿಸುತ್ತಲೇ ಇತ್ತು.

"ನೋಡಿ ಸರ್, ನಿಮಿಷಕ್ಕೊಂದು ಹೊಸ ವೈರಸ್ ಬರ್ತಿದೆ ಅಂತಿದೆ. ವೈರೇ ಇಲ್ಲ, ಎಲ್ಲಿಂದ ಬರತ್ತೆ?" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಪ್ರೂಫ್ ಹಾಳೆಯ ಹಿಂದುಗಡೆ ದುಂಡಗೆ ಬರೆದುಕೊಟ್ಟಳು: ಕಂಪ್ಯೂಟರ್ ಆರಿಸಿ ಮತ್ತೆ ಹಾಕುವಾಗ ಎಫ್ ಎಂಟು ಒತ್ತುತ್ತಾ ಇರುವುದು, ಬರುವ ಪಟ್ಟಿಯಲ್ಲಿ ಸೇಫ್ ಮೋಡ್ ಆರಿಸುವುದು, ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ನಿನ್ನೆಯ ತಾರೀಕಿನಲ್ಲಿ ಸೇರಿದ್ದನ್ನೆಲ್ಲ ತೆಗೆಯುವುದು, ಕಂಪ್ಯೂಟರ್ ಏಳುವಾಗಲೇ ಜೊತೆಗೆ ಏಳುವ ಪ್ರೋಗ್ರಾಂಗಳ ಪಟ್ಟಿಯಲ್ಲೂ ಅದರ ಹೆಸರು ಹುಡುಕಿ ಅಳಿಸುವುದು, ಕೊನೆಗೆ ನಿಜವಾದ ಆಂಟಿವೈರಸ್ಸನ್ನು ಸಿಡಿಯಿಂದ ಹಾಕಿ ಪೂರ್ತಿ ಹುಡುಕಿಸುವುದು, ಎಷ್ಟು ಹೊತ್ತಾದರೂ ಮಧ್ಯೆ ನಿಲ್ಲಿಸದೇ ಇರುವುದು, ಆಮೇಲೆ ಪಾಸ್‌ವರ್ಡ್ ಬದಲಾಯಿಸುವುದು.

"ನೀವು ಮೊದಲ ಮೂರು ಮಾಡ್ತಿರಿ ಸರ್. ನಾನು ಶೇಷಾದ್ರಿಪುರದಲ್ಲಿ ನಮ್ಮ ಕ್ಲಾಸಲ್ಲಿ ಸಿಡಿ ಮಾಡಿಸ್ಕೊಂಡು ಬಂದ್ಬಿಡ್ತೀನಿ. ಈ ಕಂಪ್ಯೂಟರಲ್ಲಿ ಇಳಿಸೋದು ಬೇಡ," ಎಂದು ಹೊರಟಳು.

ಅವಳು ಹೋದ ಮೇಲೆ ಬಸವನಗುಡಿಯ ಗಿರಾಕಿಯೊಬ್ಬರು ಬಂದರು. ಮಗಳ ಮದುವೆಯ ಪತ್ರಿಕೆ ಆ ದಿನ ಕೊಡಬೇಕಿತ್ತು, ಅದು ಕಂಪ್ಯೂಟರಿನೊಳಗೆ ಸಿಕ್ಕಿಕೊಂಡಿತ್ತು. ಅವರ ಜೊತೆಯಲ್ಲೇ ಪಕ್ಕದ ಬೈಂಡಿಂಗ್ ಅಂಗಡಿಯವನೂ ಕುತೂಹಲಕ್ಕೆ ಬಂದು ನಿಂತ.

"ನಿಮ್ಮನ್ನ ನಂಬ್ಕೊಂಡು ಬೀಗರಿಗೆ ಮಾತು ಕೊಟ್ಟಿದೀನಿ. ಏನ್ರೀ ಇದು, ಹೆಂಗಾಯ್ತು?"

ನಾನೇ ಒತ್ತಿದೆ ಎನ್ನಬಹುದಿತ್ತು. ಎರಡು ಪದ. ಐವತ್ತು ವರ್ಷ ಅಕ್ಷರದ ಜೊತೆ ಬದುಕಿದವನಿಗೆ ಆ ಎರಡು ಪದ ಜೋಡಿಸಲು ಆಗಲಿಲ್ಲ.

"ಆ ಹುಡುಗಿ ಎಲ್ಲೆಲ್ಲಿಂದಲೋ ಪೆನ್‌ಡ್ರೈವ್ ತಂದು ಹಾಕ್ತಾಳೆ ಸ್ವಾಮಿ. ಅದರಿಂದ ಬಂದಿರೋದು," ಎಂದೆ.

"ಅದೊಂದೇ ಅಲ್ಲ," ಎಂದ ಬೈಂಡಿಂಗಿನವನು. "ನಿನ್ನೆ ನಾನೂ ನೋಡ್ದೆ. ಕುಂಕುಮ ಕೂಡ ತಗೊಳ್ಲಿಲ್ಲ. ಆಯುಧ ಸುಮ್ನೆ ಬಿಡುತ್ತಾ?"

"ಅದೂ ಇದೆ," ಎಂದೆ.

ವೈರಸ್ಸಿಗೆ ಕುಂಕುಮ ಕಾರಣ ಎಂದು ನಾನು ನಂಬಿದ್ದೆನೇ? ಇಲ್ಲ. ಅಷ್ಟು ದಡ್ಡನಾಗಿದ್ದರೆ ಇವತ್ತು ಸ್ವಲ್ಪ ನೆಮ್ಮದಿ ಇರುತ್ತಿತ್ತು. ಇಬ್ಬರೂ ತಲೆ ಆಡಿಸುತ್ತಿದ್ದರು, ಮಾತು ನನ್ನಿಂದ ದೂರ ಹೋಗುತ್ತಿತ್ತು. ನನಗೆ ಅಷ್ಟೇ ಬೇಕಾಗಿತ್ತು.

ತಿರುಗಿ ನೋಡಿದರೆ ಅವಳು ಬಾಗಿಲಲ್ಲಿದ್ದಳು, ಕೈಯಲ್ಲಿ ಸಿಡಿ. ಎಷ್ಟು ಕೇಳಿಸಿತು ಎಂದು ಕೇಳುವ ಅಗತ್ಯ ಇರಲಿಲ್ಲ. ಸಿಡಿಯನ್ನು ಮೇಜಿನ ಮೇಲಿಟ್ಟಳು. ಕುರ್ಚಿಯ ಹಿಂದೆ ನೇತು ಹಾಕಿದ್ದ ಊಟದ ಚೀಲ ತೆಗೆದುಕೊಂಡಳು.

"ಪೂರ್ತಿ ಸ್ಕ್ಯಾನ್ ಮಾಡ್ಸಿ ಸರ್. ಮಧ್ಯ ನಿಲ್ಲಿಸ್ಬೇಡಿ," ಎಂದು ಹೇಳಿ ಹೋದಳು.

ನಾನು ಕರೆಯಲಿಲ್ಲ. ಗಿರಾಕಿ ಎದುರಿಗಿದ್ದರಲ್ಲ. ಅವರು ಹೋದ ಮೇಲೂ ಕರೆಯಲಿಲ್ಲ. ಅವಳು ಬರೆದ ಹಾಳೆ ಎದುರಿಗಿಟ್ಟುಕೊಂಡು, ಅವಳು ತಂದ ಸಿಡಿ ಹಾಕಿ, ಸಂಜೆಯೊಳಗೆ ಕಂಪ್ಯೂಟರ್ ಸರಿ ಮಾಡಿದೆ. ಕೆಂಪು ಪೆಟ್ಟಿಗೆ ಹೋಯಿತು. ಪತ್ರಿಕೆಯೂ ಸಿಕ್ಕಿತು. ಬೈಂಡಿಂಗಿನವನು ಬೆರಗಾದ. "ಪರವಾಗಿಲ್ಲ, ಈ ವಯಸ್ಸಲ್ಲಿ ನೀವೇ ಸರಿ ಮಾಡ್ಬಿಟ್ರಲ್ಲ," ಎಂದ. ಹೌದು ಎಂದೆ. ನನ್ನ ಪಾಂಡಿತ್ಯ ಹುಟ್ಟಿದ್ದು ಹೀಗೆ.

ಇಷ್ಟಕ್ಕೆ ನಿಂತಿದ್ದರೆ ಹೇಡಿತನ ಎಂದು ಬಿಡಬಹುದಿತ್ತು. ಹದಿನೈದು ದಿನದ ಮೇಲೆ ಅದೇ ಪೇಟೆಯ ಇನ್ನೊಂದು ಪ್ರೆಸ್ಸಿನ ಮಾಲೀಕರು ಫೋನ್ ಮಾಡಿದರು.

"ನಿಮ್ಮಲ್ಲಿದ್ದ ಹುಡುಗಿ ಕೆಲ್ಸ ಕೇಳ್ಕೊಂಡು ಬಂದಿದಾಳೆ. ಕನ್ನಡ ಚೆನ್ನಾಗಿ ಹೊಡೀತಾಳೆ. ಹೆಂಗೆ, ಇಟ್ಕೋಬಹುದಾ?"

ಆಗ ಅಂಗಡಿಯಲ್ಲಿ ನಾನೊಬ್ಬನೇ ಇದ್ದೆ. ಅವಸರ ಮಾಡುವ ಗಿರಾಕಿ ಇರಲಿಲ್ಲ, ದನಿಗೂಡಿಸುವ ಬೈಂಡಿಂಗಿನವನಿರಲಿಲ್ಲ. ಯೋಚಿಸುವುದಕ್ಕೆ ಬೇಕಾದಷ್ಟು ಸಮಯ ಇತ್ತು.

"ನಿಮ್ಮಿಷ್ಟ," ಎಂದೆ. "ಪೆನ್‌ಡ್ರೈವ್ ಒಂದು ನೋಡ್ಕೊಳ್ಳಿ."

ಅವರು ಇಟ್ಟುಕೊಳ್ಳಲಿಲ್ಲ. ಅವರು ಇಟ್ಟುಕೊಳ್ಳದ್ದು ನೋಡಿ ಉಳಿದವರೂ ಇಟ್ಟುಕೊಳ್ಳಲಿಲ್ಲ. ಚಾಮರಾಜಪೇಟೆಯಲ್ಲಿ ಆಗ ಗಲ್ಲಿಗೊಂದು ಪ್ರೆಸ್. ಅವಳ ಕೆಲಸಕ್ಕೆ ಒಂದೇ ಒಂದು ಬಾಗಿಲೂ ತೆರೆಯಲಿಲ್ಲ. ಸುಳ್ಳು ಆಂಟಿವೈರಸ್ಸಿನ ಬಗ್ಗೆ ಹಾಲಿನಲ್ಲಿ ಒಂದು ಮಾತು ಹೇಳುತ್ತೇನೆ: ಅದು ಕಳ್ಳನಲ್ಲ ಸ್ವಾಮಿ, ಕಾವಲುಗಾರನ ವೇಷ ಹಾಕಿದ ಕಳ್ಳ, ಮನೆಯಲ್ಲಿ ಇರುವ ಒಳ್ಳೆಯದನ್ನೇ ತೋರಿಸಿ ಇದರಲ್ಲಿ ಸೋಂಕಿದೆ ಎನ್ನುತ್ತಾನೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಯಾರನ್ನು ನೋಡಿ ಆ ಮಾತು ಕಟ್ಟಿದೆ ಎಂದು ಒಬ್ಬರೂ ಕೇಳಿಲ್ಲ.

ಬ್ಯಾಂಕ್ ಆಫೀಸರಿಗೆ 'ಅನುಭವ' ಎಂದ ದಿನ ಮನೆಗೆ ಬಂದು ಅನ್ನ ಸೇರಲಿಲ್ಲ. ಮರುದಿನ ಕೋಲು ಹಿಡಿದುಕೊಂಡು ಚಾಮರಾಜಪೇಟೆಗೆ ಹೋದೆ. ಅಂದು ಫೋನ್ ಮಾಡಿದ್ದ ಮಾಲೀಕರು ಈಗ ಪ್ರೆಸ್ ಮುಚ್ಚಿ, ಮುಂಭಾಗವನ್ನು ಬಾಡಿಗೆಗೆ ಕೊಟ್ಟು ಹಿಂದೆ ಇದ್ದಾರೆ. ಕಾಫಿ ಕೊಟ್ಟರು. ನಮ್ಮಲ್ಲಿದ್ದ ಹುಡುಗಿ ನೆನಪಿದೆಯೇ ಎಂದು ಕೇಳಿದೆ.

"ಯಾವ ಹುಡುಗಿ? ಓ, ವೈರಸ್ ಹುಡುಗಿ."

"ಏನಂದ್ರಿ?"

"ನಾವೆಲ್ಲ ಹಂಗೇ ಕರೀತಿದ್ವಲ್ರೀ. ನೀವೇ ತಾನೆ ಹೇಳಿದ್ದು."

"ವೈರಸ್ ತಂದವನು ನಾನು. ಅವಳಲ್ಲ. ಬೇಡ ಅಂದಿದ್ದು ಅವಳು, ಸರಿ ಮಾಡೋದು ಕಲಿಸಿದ್ದೂ ಅವಳೇ. ನಾನು ನಿಮಗೆ ಸುಳ್ಳು ಹೇಳಿದೆ."

ಅವರು ಲೋಟ ಕೆಳಗಿಟ್ಟರು. ಆಮೇಲೆ ನನ್ನ ಮಂಡಿಯ ಮೇಲೆ ಮೆಲ್ಲಗೆ ತಟ್ಟಿದರು.

"ಬಿಡ್ರೀ. ಕೆಲ್ಸದವರ ತಪ್ಪನ್ನ ಮೈಮೇಲೆ ಹಾಕ್ಕೊಳ್ತೀರಲ್ಲ, ನಿಮ್ಮದು ದೊಡ್ಡ ಮನಸ್ಸು."

ನಿಜ ಹೇಳಿದ್ದಕ್ಕೂ ಹೊಗಳಿಕೆ ನನಗೇ ಸಿಕ್ಕಿತು. ಇನ್ನೊಂದು ಸಲ ಹೇಳಿದೆ. ಸಕ್ಕರೆ ಸಾಕೇ ಎಂದು ಕೇಳಿದರು.

ವಾಪಸ್ ಬರುವಾಗ ಆಟೋದಲ್ಲಿ ಒಂದು ವಿಷಯ ಸ್ಪಷ್ಟವಾಯಿತು. ನಾನು ಹೋದದ್ದು ಸುಲಭದ ಮನೆಗೆ. ಕಾಫಿ ಕೊಡುತ್ತಾರೆ, ಮಂಡಿ ತಟ್ಟುತ್ತಾರೆ ಎಂದು ಗೊತ್ತಿದ್ದ ಮನೆಗೆ. ಕಷ್ಟದ ಮನೆಯ ದಾರಿಯೂ ನನಗೆ ಗೊತ್ತು. ಅವಳ ಅಪ್ಪ ನಿವೃತ್ತರಾದಾಗ ಊಟಕ್ಕೆ ಕರೆದಿದ್ದರು, ಹೋಗಿದ್ದೆ. ಅವಳು ಮದುವೆಯಾಗಿ ಆ ಮನೆಯ ಮಾಳಿಗೆಯಲ್ಲೇ ಇದ್ದಾಳೆ, ಮನೆಯಲ್ಲಿ ಕೂತು ಮಕ್ಕಳಿಗೆ ಪಾಠ ಹೇಳುತ್ತಾಳೆ, ಟೈಪಿಂಗ್ ಬಿಟ್ಟೇಬಿಟ್ಟಳು ಎಂದು ಕಾಗದದ ಅಂಗಡಿಯವರು ಹೇಳಿ ನಾಲ್ಕು ವರ್ಷವಾಯಿತು. ಇಲ್ಲಿಂದ ಆಟೋದಲ್ಲಿ ಅರ್ಧ ಗಂಟೆಯ ದಾರಿ. ಆಟೋ ಹತ್ತುವಾಗ ಚಾಲಕ ಎಲ್ಲಿಗೆ ಎಂದು ಕೇಳಿದ್ದಕ್ಕೆ ನಾನು ಬಸವನಗುಡಿ ಎಂದಿದ್ದೆ.

ಹಾಗಾಗಿ ಇದನ್ನು ಓದಿ ಯಾರೂ ನನ್ನ ಮನಸ್ಸನ್ನು ದೊಡ್ಡದು ಎನ್ನಬೇಡಿ. ಬರೆಯುವುದು ಎದುರಿಗೆ ಹೋಗಿ ನಿಲ್ಲುವುದಕ್ಕಿಂತ ಸುಲಭ, ಅದಕ್ಕೇ ಬರೆಯುತ್ತಿದ್ದೇನೆ. ಜೀವನದಲ್ಲಿ ಬಹಳ ಜನರ ಹತ್ತಿರ ತಪ್ಪಾಯಿತು ಎಂದಿದ್ದೇನೆ: ಹೆಂಡತಿಯ ಹತ್ತಿರ, ಗಿರಾಕಿಗಳ ಹತ್ತಿರ, ಕಾಲು ತುಳಿದ ಬಸ್ಸಿನ ಪ್ರಯಾಣಿಕರ ಹತ್ತಿರ. ಹೇಳದೆ ಉಳಿಸಿಕೊಂಡಿರುವುದು ಒಬ್ಬಳ ಹತ್ತಿರ ಮಾತ್ರ. ಅವಳು ಏಳು ವರ್ಷ ನನ್ನ ಅಂಗಡಿಯಲ್ಲಿ ಒಂದು ಅಕ್ಷರ ತಪ್ಪದೆ ಕನ್ನಡ ಜೋಡಿಸಿದ, ಓಕಳಿಪುರದ ಗ್ಯಾಂಗ್‌ಮನ್ನರ ಮಗಳು.